ಕಾರು ನಿಲ್ಲಿಸಿದವನ ಸಿನಿಮಾ

ಕೊಡಗಿನ ಕಕ್ಕಡ ತಿಂಗಳ ಮಳೆ. ಗೋಣಿಕೊಪ್ಪದಲ್ಲಿ ಕರೆಂಟ್ ಹೋಗಿ ಎರಡು ದಿನ ಆಗಿತ್ತು. ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಚಾರ್ಜಿನಲ್ಲಿ ‘ರಷ್’ ಮತ್ತೆ ನೋಡಿದೆ. 2013ರ ಸಿನಿಮಾ, ಫಾರ್ಮುಲಾ ಒನ್ ಕಾರ್ ರೇಸಿನ ನಿಕಿ ಲೌಡಾ ಮತ್ತು ಜೇಮ್ಸ್ ಹಂಟ್ ಪೈಪೋಟಿಯ ಕಥೆ. ಮೊದಲ ಸಲ ಕಾರಿನ ಸದ್ದಿಗೇ ನೋಡಿದ್ದೆ. ನಮ್ಮ ಕಡೆಯವರಿಗೆ ಅದು ಹೇಳಿಕೊಡಬೇಕಾ? ರ‍್ಯಾಲಿ ಬಂತು ಅಂದ್ರೆ ಕಾಫಿ ಗಿಡದ ನಡುವೆ ಕೆಸರು ಎರಚಿಸಿಕೊಳ್ಳೋಕೆ ನಿಲ್ಲುವವರು ನಾವು.

ಈ ಸಲ ಕಣ್ಣಿಗೆ ಬಿದ್ದಿದ್ದು ಬೇರೆ. ಎಲ್ಲರೂ ಹೊಗಳೋದು ಲೌಡಾ ವಾಪಸ್ ಬಂದಿದ್ದನ್ನು. 1976ರ ಆಗಸ್ಟ್ 1, ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕಿನಲ್ಲಿ ಕಾರಿಗೆ ಬೆಂಕಿ. ಮುಖ ಸುಟ್ಟು, ಶ್ವಾಸಕೋಶ ಹಾಳಾಗಿ ಸಾಯುವ ಹಂತಕ್ಕೆ ಹೋದವನು ಆರೇ ವಾರದಲ್ಲಿ ಇಟಲಿಯ ಮಾಂಜಾದಲ್ಲಿ ಕಾರು ಹತ್ತಿ ನಾಲ್ಕನೆಯವನಾಗಿ ಬಂದ. ದೊಡ್ಡದೇ, ಇಲ್ಲ ಅನ್ನಲ್ಲ. ಆದರೆ ನನಗೆ ಜಾಸ್ತಿ ಕಾಡಿದ್ದು ಅಕ್ಟೋಬರಿನಲ್ಲಿ ಜಪಾನಿನ ಫ್ಯೂಜಿಯಲ್ಲಿ ನಡೆದ ರೇಸು. ಹಂಟ್‌ಗಿಂತ ಮೂರು ಪಾಯಿಂಟ್ ಮುಂದಿದ್ದಾನೆ, ಕೊನೆಯ ರೇಸು, ಮಳೆ ಸುರೀತಿದೆ. ಎರಡು ಸುತ್ತು ಹೊಡೆದು ಕಾರು ನಿಲ್ಲಿಸಿ ಇಳಿದುಬಿಟ್ಟ! ಹಂಟ್ ಮೂರನೆಯವನಾಗಿ ಬಂದು ಒಂದೇ ಪಾಯಿಂಟಿನಿಂದ ಚಾಂಪಿಯನ್ ಆದ.

ಜರ್ಮನಿಯಲ್ಲಿ ಇದೇ ಲೌಡಾ ರೇಸು ಬೇಡ ಅಂದಿದ್ದ. ಮಿಕ್ಕವರು ಒಪ್ಪಲಿಲ್ಲ, ಇವನೂ ಓಡಿಸಿದ. ಜಪಾನಿನಲ್ಲಿ ಯಾರ ಒಪ್ಪಿಗೆಗೂ ಕಾಯಲಿಲ್ಲ. ಆ ಮನುಷ್ಯ ಬದಲಾಗಿದ್ದು ಇಲ್ಲಿ ಅಂತ ನನ್ನ ಲೆಕ್ಕ. ಎಂಜಿನ್ ಕೆಟ್ಟಿತು ಅಂತ ಹೇಳಿಬಿಡೋಣ ಅಂತ ಅವನ ತಂಡ ಫೆರಾರಿಯ ಎಂಜಿನಿಯರ್ ಫೋರ್ಗಿಯೇರಿ ದಾರಿ ತೋರಿಸಿದರೂ ಲೌಡಾ ಬೇಡ ಅಂದ. (ಒಂದು ತಕರಾರು: ನಿಜದಲ್ಲಿ ಲೌಡಾ, ಹಂಟ್ ಇಬ್ಬರೂ ಸ್ನೇಹಿತರೇ, ಸಿನಿಮಾದವರು ಜಗಳ ಸ್ವಲ್ಪ ಜಾಸ್ತಿಯೇ ಹಚ್ಚಿದ್ದಾರೆ.)

ನೋಡ್ತಾ ನೋಡ್ತಾ ಚಿಕ್ಕಪ್ಪ ನೆನಪಾದರು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಮಂಗಳೂರಿನಿಂದ ಮದುವೆ ಮುಗಿಸಿ ಬರ್ತಿದ್ದೆವು, ಜೀಪಿನಲ್ಲಿ ಏಳು ಜನ, ವೈಪರ್ ಎಷ್ಟು ಬಡಿದರೂ ರಸ್ತೆ ಕಾಣದಂಥ ಮಳೆ. ಘಾಟಿ ಹತ್ತೋ ಮೊದಲೇ ಸಂಪಾಜೆಯಲ್ಲಿ ಚಿಕ್ಕಪ್ಪ ಜೀಪು ಬದಿಗೆ ಹಾಕಿದರು. ಬೆಳಗಿನವರೆಗೂ ಅಲ್ಲೇ. ಹಿಂದಿದ್ದ ನೆಂಟರ ಎರಡು ಗಾಡಿ ನಮ್ಮನ್ನು ದಾಟಿ ಹೋಗಿ ಆರಾಮಾಗಿ ಮಡಿಕೇರಿ ಸೇರಿದವು. ಗುಡ್ಡವೂ ಕುಸಿಯಲಿಲ್ಲ, ಮರವೂ ಬೀಳಲಿಲ್ಲ. ಫ್ಯೂಜಿಯಲ್ಲೂ ಅಷ್ಟೇ, ಆಮೇಲೆ ಮಳೆ ನಿಂತು ಟ್ರ್ಯಾಕ್ ಒಣಗಿತು. ನಿಂತಿದ್ದು ಸರಿ ಅಂತ ತೋರಿಸೋಕೆ ಏನೂ ಸಿಗಲ್ಲ. ಕಷ್ಟ ಇರೋದೇ ಅಲ್ಲಿ, ಅಲ್ವಾ?

ಕೋವಿ ಹಿಡಿಯೋ ಮನೆತನ, ಮಳೆಗೆ ಹೆದರಿದ ಅಂತ ವರ್ಷಗಟ್ಟಲೆ ರೇಗಿಸಿದರು. ಬ್ರೇಕ್ ಸರಿ ಇರಲಿಲ್ಲ ಅಂತ ಹೇಳಿಬಿಡಿ ಅಂತ ಚಿಕ್ಕಮ್ಮ ಎಷ್ಟು ಸಲ ಹೇಳಿದರೋ. ಇವರು ಮಾತ್ರ, “ಬ್ರೇಕ್ ಚೆನ್ನಾಗೇ ಇತ್ತು. ಹೆದರಿಕೆ ಆಯ್ತು, ನಿಲ್ಲಿಸಿದೆ.” ಆಗ ನನಗೆ ನಾಚಿಕೆ ಆಗಿತ್ತು.

ಮೊನ್ನೆ ನಮ್ಮ ಆಯುಧದ ಹಬ್ಬ ಕೈಲ್‌ಪೊಳ್ದ್ ಊಟ ಆದ ಮೇಲೆ ಸುಮ್ನೆ ಫ್ಯೂಜಿಯ ಭಾಗ ಹಾಕಿ ತೋರಿಸಿದೆ. ಕೊನೆವರೆಗೂ ನೋಡಿ ಚಿಕ್ಕಪ್ಪ ಕೇಳಿದ್ದು ಒಂದೇ: “ಈ ಮಳೆಯಲ್ಲಿ ಎರಡು ಸುತ್ತು ಯಾಕೆ ಹೊಡೆದ?”