ರೈಟ್ ಸಹೋದರರ ಪೇಟೆಂಟ್ ಅಷ್ಟು ವಿಶಾಲವಾಗಿರಬೇಕಿತ್ತೇ? ಪರ – ವಿರೋಧ

ಎಂಜಿನ್ ಹೊತ್ತ ವಿಮಾನ ಇನ್ನೂ ನೆಲ ಬಿಟ್ಟು ಏಳದಿದ್ದಾಗಲೇ, 1903ರ ಮಾರ್ಚ್ 23ರಂದು, ಅಮೆರಿಕದ ಒಹಾಯೊ ರಾಜ್ಯದ ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದ ವಿಲ್ಬರ್ ಮತ್ತು ಆರ್ವಿಲ್ ರೈಟ್ ತಮ್ಮ ಹಾರುವ ಯಂತ್ರಕ್ಕೆ ಪೇಟೆಂಟ್ ಕೋರಿ ಅರ್ಜಿ ಹಾಕಿದರು. ತಾವೇ ಬರೆದ ಆ ಅರ್ಜಿ ತಿರಸ್ಕೃತವಾಯಿತು. ಹ್ಯಾರಿ ಟೋಲ್ಮಿನ್ ಎಂಬ ವಕೀಲರು ಅದನ್ನು ಹೊಸದಾಗಿ ಬರೆದುಕೊಟ್ಟ ಮೇಲೆ, 1906ರ ಮೇ 22ರಂದು, 8,21,393ನೆಯ ಪೇಟೆಂಟ್ ಮಂಜೂರಾಯಿತು. ಅದರಲ್ಲಿ ವಿವರಿಸಿರುವುದು ಎಂಜಿನ್ ಇಲ್ಲದ ಗ್ಲೈಡರ್. ಹಕ್ಕು ಕೋರಿರುವುದು ಆ ಗ್ಲೈಡರನ್ನು ಗಾಳಿಯಲ್ಲಿ ಓಲಾಡದಂತೆ ಹಿಡಿದು ಬೇಕಾದತ್ತ ತಿರುಗಿಸುವ ನಿಯಂತ್ರಣದ ಮೇಲೆ. ಅದೇ ಹಕ್ಕನ್ನು ಮುಂದಿಟ್ಟು ಸಹೋದರರು 1909ರಲ್ಲಿ ಇನ್ನೊಬ್ಬ ಅಮೆರಿಕನ್ ವಿಮಾನ ತಯಾರಕ ಗ್ಲೆನ್ ಕರ್ಟಿಸ್ ಅವರ ಮೇಲೆ ದಾವೆ ಹೂಡಿದರು. 1914ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯವೂ ಅವರ ಪರವಾಗಿಯೇ ತೀರ್ಪು ಕೊಟ್ಟಿತು. ವಿಮಾನವನ್ನು ಮೊದಲು ಹಾರಿಸಿದವರು ಯಾರು ಎಂಬುದು ಇಲ್ಲಿಯ ಚರ್ಚೆಯಲ್ಲ. ಆ ಒಂದು ಪೇಟೆಂಟಿಗೆ ಅಷ್ಟು ವಿಶಾಲವಾದ ಅರ್ಥ ಕೊಟ್ಟದ್ದು ಮತ್ತು ಸಹೋದರರು ಅದನ್ನು ಅಷ್ಟು ಬಿಗಿಯಾಗಿ ಹಿಡಿದದ್ದು ನ್ಯಾಯವೇ ಎಂಬುದಷ್ಟೇ ಪ್ರಶ್ನೆ.

ಪರ

ಒಂದು ಪೇಟೆಂಟ್ ಎಷ್ಟು ದೂರ ಚಾಚಬಹುದು ಎಂಬುದನ್ನು ಅದು ಬಿಡಿಸಿದ ತೊಡಕು ಎಷ್ಟು ಆಳದ್ದು ಎಂಬುದರಿಂದ ಅಳೆಯಬೇಕು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಹಾರಾಟದ ಬೆನ್ನು ಹತ್ತಿದ್ದವರಲ್ಲಿ ಬಹುಪಾಲು ಜನ ಕಷ್ಟವೆಲ್ಲ ಎಂಜಿನ್ನಿನ ಬಲದಲ್ಲಿದೆ ಎಂದೇ ನಂಬಿದ್ದರು. ಸ್ಮಿತ್ಸೋನಿಯನ್ ಸಂಸ್ಥೆಯ ಕಾರ್ಯದರ್ಶಿ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಅವರಿಗೆ ಯುದ್ಧ ಇಲಾಖೆಯ 50,000 ಡಾಲರ್ ನೆರವಿತ್ತು, 52 ಅಶ್ವಶಕ್ತಿಯ ಸೊಗಸಾದ ಎಂಜಿನ್ ಇತ್ತು. ಆದರೂ ಅವರ ಯಂತ್ರ 1903ರ ಅಕ್ಟೋಬರ್‌ನಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಪೊಟೊಮ್ಯಾಕ್ ನದಿಗೆ ಬಿತ್ತು. ಎರಡನೆಯ ಸಲ ಬಿದ್ದು ಒಂಬತ್ತು ದಿನಗಳಾಗುವಷ್ಟರಲ್ಲಿ, ಸ್ವಂತ ದುಡಿಮೆಯ ಹಣದಿಂದ ಕಟ್ಟಿದ, ಸುಮಾರು 12 ಅಶ್ವಶಕ್ತಿಯ ಎಂಜಿನ್ನಿನ ರೈಟ್ ವಿಮಾನ ಉತ್ತರ ಕೆರೊಲಿನಾದ ಮರಳ ದಿಬ್ಬಗಳ ಬಳಿ ಹಾರಿತು. ಒಂದು ಬಿದ್ದು ಇನ್ನೊಂದು ಹಾರಿದ್ದರಲ್ಲಿ ಎಂಜಿನ್ನಿನ ಪಾತ್ರ ದೊಡ್ಡದಲ್ಲ.

ನಿಜವಾದ ತೊಡಕನ್ನು ಸಹೋದರರು 1899ರಲ್ಲೇ ಗುರುತಿಸಿದ್ದರು. ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ ತಮ್ಮ ದೇಹದ ಭಾರವನ್ನು ಅತ್ತಿತ್ತ ಸರಿಸಿ ಗ್ಲೈಡರಿನ ತೂಕ ಸರಿದೂಗಿಸುತ್ತಿದ್ದರು; 1896ರಲ್ಲಿ ಅದರಿಂದಲೇ ಬಿದ್ದು ತೀರಿಕೊಂಡರು. ದೇಹವನ್ನು ಸರಿಸುವ ಬದಲು ರೆಕ್ಕೆಯನ್ನೇ ಬದಲಿಸುವ ದಾರಿ ವಿಲ್ಬರ್‌ಗೆ ಹೊಳೆದದ್ದು ಅಂಗಡಿಯಲ್ಲಿ, ಸೈಕಲ್ ಟ್ಯೂಬಿನ ಉದ್ದನೆಯ ರಟ್ಟಿನ ಡಬ್ಬಿಯೊಂದನ್ನು ಕೈಯಲ್ಲಿ ಹಿಡಿದಿದ್ದಾಗ. ಡಬ್ಬಿಯ ಎರಡು ತುದಿಗಳನ್ನು ಎದುರುಬದುರಾಗಿ ತಿರುಚಿದರೆ ಅದರ ಮೇಲಿನ ಮುಖವೂ ಕೆಳಗಿನ ಮುಖವೂ ಮುರಿಯದೆ ಸುರುಳಿಯಾಗುತ್ತವೆ. ಒಂದರ ಮೇಲೊಂದಿರುವ ಜೋಡಿ ರೆಕ್ಕೆಗಳನ್ನೂ ತಂತಿಗಳಿಂದ ಹಾಗೆಯೇ ತಿರುಚಬಹುದು, ಆಗ ಒಂದು ಬದಿ ಹೆಚ್ಚು ಎತ್ತುತ್ತದೆ, ಇನ್ನೊಂದು ಬದಿ ಕಡಿಮೆ ಎತ್ತುತ್ತದೆ, ಯಂತ್ರ ವಾಲುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಅದು ಒಂದು ಜಾಣ ಉಪಾಯವಷ್ಟೇ ಆಗಿರುತ್ತಿತ್ತು. ತಿರುಚಿದ ರೆಕ್ಕೆಯಲ್ಲಿ ಒಂದು ದೋಷವಿದೆ, ಅದು ಹಾರಿಸಿ ನೋಡಿದವರಿಗೆ ಮಾತ್ರ ಕಾಣುವಂಥದ್ದು. ಹೆಚ್ಚು ಎತ್ತುವ ಬದಿಯೇ ಗಾಳಿಯ ಎಳೆತಕ್ಕೂ ಹೆಚ್ಚು ಸಿಕ್ಕಿ ಹಿಂದೆ ಬೀಳುತ್ತದೆ. ಎಡಕ್ಕೆ ವಾಲಿದ ಯಂತ್ರದ ಮೂತಿ ಬಲಕ್ಕೆ ತಿರುಗುತ್ತದೆ, ಕೊನೆಗೆ ಕೆಳಗಿನ ರೆಕ್ಕೆ ಮರಳಿಗೆ ಬಡಿದು ನಿಲ್ಲುತ್ತದೆ. 1902ರ ಗ್ಲೈಡರಿಗೆ ಹಿಂದೆ ಅಲುಗಾಡದ ಲಂಬ ಪಟ್ಟಿಗಳನ್ನು ಕಟ್ಟಿ ನೋಡಿದರು, ತೊಂದರೆ ಹೋಗಲಿಲ್ಲ. ಆ ಪಟ್ಟಿಯನ್ನು ತಿರುಗುವ ಚುಕ್ಕಾಣಿಯಾಗಿಸಬೇಕು ಎಂದವರು ಆರ್ವಿಲ್. ಚುಕ್ಕಾಣಿಯ ತಂತಿಯನ್ನು ರೆಕ್ಕೆ ತಿರುಚುವ ತಂತಿಗೇ ಜೋಡಿಸಿಬಿಟ್ಟರೆ, ಬೋರಲು ಮಲಗಿರುವ ಚಾಲಕ ಸೊಂಟದ ತೊಟ್ಟಿಲನ್ನು ಸರಿಸಿದ ಕೂಡಲೇ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ ಎಂದವರು ವಿಲ್ಬರ್. ರೆಕ್ಕೆ ಮತ್ತು ಚುಕ್ಕಾಣಿಯ ಈ ಹೊಂದಾಣಿಕೆಯೇ ಆವಿಷ್ಕಾರದ ತಿರುಳು. ಇಂದಿಗೂ ವಿಮಾನ ತಿರುಗುವುದು ಇದೇ ತತ್ತ್ವದಿಂದ.

ಇದು ಆಗ ಎಲ್ಲರಿಗೂ ತಿಳಿದಿದ್ದ ಸಂಗತಿ ಎನ್ನುವವರು 1908ರ ಫ್ರಾನ್ಸನ್ನು ನೋಡಬೇಕು. ಆ ವರ್ಷದ ಜನವರಿಯಲ್ಲಿ ಹೆನ್ರಿ ಫಾರ್ಮನ್ ಒಂದು ಕಿಲೋಮೀಟರ್ ಸುತ್ತು ಹಾರಿ ಬಹುಮಾನ ಗೆದ್ದರು. ಅವರ ವಿಮಾನ ವಾಲದೆ, ಅಡ್ಡಕ್ಕೆ ಜಾರುತ್ತಾ ತಿರುಗಿತು, ಏಕೆಂದರೆ ಅದಕ್ಕೆ ವಾಲಲು ಬರುತ್ತಿರಲಿಲ್ಲ. ಆಗಸ್ಟ್ 8ರಂದು ಲೆ ಮಾನ್ ಬಳಿ ವಿಲ್ಬರ್ ಹಾರಿದಾಗ, ಒಂದು ರೆಕ್ಕೆ ತಗ್ಗಿಸಿ ಸಲೀಸಾಗಿ ತಿರುಗಿದ ವಿಮಾನವನ್ನು ಕಂಡು ಯುರೋಪಿನ ನುರಿತ ಹಾರಾಟಗಾರರೇ ತಮ್ಮ ಹಿನ್ನಡೆಯನ್ನು ಒಪ್ಪಿಕೊಂಡರು. ಅವರೆಲ್ಲ ಆ ಬಳಿಕ ಮಾಡಿದ್ದೂ ಅದನ್ನೇ.

ಕರ್ಟಿಸ್ ರೆಕ್ಕೆಯನ್ನು ತಿರುಚಲಿಲ್ಲ, ರೆಕ್ಕೆಯ ತುದಿಯಲ್ಲಿ ಏಲರಾನ್ ಎಂಬ ಪುಟ್ಟ ಹಲಗೆಗಳನ್ನಿಟ್ಟರು ಎಂಬುದು ನಿಜ. ಆದರೆ ಆ ಹಲಗೆಗಳು ಸಾಧಿಸುವುದು ತಿರುಚಿದ ರೆಕ್ಕೆ ಸಾಧಿಸಿದ್ದನ್ನೇ; ತಂದೊಡ್ಡುವುದೂ ಅದೇ ದೋಷವನ್ನೇ; ಬೇಕಾಗುವುದೂ ಅದೇ ಚುಕ್ಕಾಣಿಯ ಪರಿಹಾರವೇ. ಪೇಟೆಂಟಿನ ಬರಹವೂ ರೆಕ್ಕೆಯ ಅಂಚಿನ ಭಾಗಗಳನ್ನು ಬೇರೆ ಬೇರೆ ಕೋನಕ್ಕೆ ತರುವುದನ್ನು ಕುರಿತೇ ಇತ್ತು. ಹೊರ ಆಕಾರವನ್ನು ಬದಲಿಸಿದ ಮಾತ್ರಕ್ಕೆ ಹಕ್ಕು ತಪ್ಪುವುದಾದರೆ ಯಾವ ಯಂತ್ರಶಿಲ್ಪಿಯ ಪೇಟೆಂಟೂ ಒಂದು ವರ್ಷ ಬಾಳಲಾರದು. ಇನ್ನೊಂದು ಸಂಗತಿಯನ್ನು ಮರೆಯಬಾರದು. ಕರ್ಟಿಸ್ ಸದಸ್ಯರಾಗಿದ್ದ, ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಪ್ರಯೋಗ ಸಂಘದ ಪರವಾಗಿ ಥಾಮಸ್ ಸೆಲ್‌ಫ್ರಿಜ್ 1908ರ ಆರಂಭದಲ್ಲಿ ಗ್ಲೈಡರ್ ಕಟ್ಟುವ ಬಗೆಯನ್ನು ಕೇಳಿ ರೈಟ್ ಸಹೋದರರಿಗೆ ಪತ್ರ ಬರೆದಿದ್ದರು. ಪ್ರಯೋಗಕ್ಕಾಗಿ ಕೇಳುತ್ತಿದ್ದಾರೆಂದು ನಂಬಿ ಸಹೋದರರು ಉತ್ತರಿಸಿ, ತಮ್ಮ ಪೇಟೆಂಟಿನ ಕಡೆಗೂ ಬೆರಳು ತೋರಿಸಿದರು. ಅದೇ ವರ್ಷ ಜುಲೈ 4ರಂದು ಕರ್ಟಿಸ್ ‘ಜೂನ್ ಬಗ್’ ಹಾರಿಸಿ ಬಹುಮಾನ ಪಡೆದರು, ಮರುವರ್ಷ ವಿಮಾನ ಮಾರತೊಡಗಿದರು. ಎಚ್ಚರಿಕೆಯ ಪತ್ರ ಹೋಗಿತ್ತು. ದಾವೆ ಬಂದದ್ದು ಮಾರಾಟ ನಡೆದ ಮೇಲೆ.

ಅದೇ ಕಾಲದ ಸೆಲ್ಡನ್ ಪೇಟೆಂಟಿನ ಜೊತೆ ಇದನ್ನಿಟ್ಟು ನೋಡುವುದು ಒಳ್ಳೆಯದು. ರಾಚೆಸ್ಟರಿನ ಜಾರ್ಜ್ ಸೆಲ್ಡನ್ 1879ರಲ್ಲಿ ಮೋಟಾರುಗಾಡಿಗೆ ಅರ್ಜಿ ಹಾಕಿ, ಬೇಕೆಂದೇ ತಡಮಾಡುತ್ತಾ, 1895ರಲ್ಲಿ ಪೇಟೆಂಟ್ ಪಡೆದರು. ಅಲ್ಲಿಯವರೆಗೆ ಒಂದು ಗಾಡಿಯನ್ನೂ ಕಟ್ಟಿರಲಿಲ್ಲ. ಹೆನ್ರಿ ಫೋರ್ಡ್ ಅದನ್ನು ಎದುರಿಸಿ 1911ರಲ್ಲಿ ಗೆದ್ದದ್ದು ನ್ಯಾಯವೇ. ರೈಟ್ ಸಹೋದರರದು ಕಾಗದದ ಮೇಲಿನ ಹಕ್ಕಲ್ಲ. ತಮ್ಮದೇ ಗಾಳಿಸುರಂಗದಲ್ಲಿ ನೂರಾರು ಬಗೆಯ ಪುಟ್ಟ ರೆಕ್ಕೆಗಳನ್ನು ಅಳೆದು, ಗಾಳಿ ರೆಕ್ಕೆಯನ್ನು ಎಷ್ಟು ಎತ್ತುತ್ತದೆಂದು ಹೇಳುವ ಲಿಲಿಯೆಂಥಾಲ್ ಕೋಷ್ಟಕಗಳನ್ನು ನೆಚ್ಚಿ ಮಾಡಿದ ಲೆಕ್ಕ ಏಕೆ ತಾಳೆಯಾಗುತ್ತಿಲ್ಲವೆಂದು ಹುಡುಕಿ, ಪ್ರಾಣ ಪಣಕ್ಕಿಟ್ಟು ಹಾರಿ ಸಂಪಾದಿಸಿದ ಹಕ್ಕು ಅದು.

ಪೇಟೆಂಟ್ ಅಮೆರಿಕದ ವಿಮಾನೋದ್ಯಮವನ್ನು ಕೊಂದಿತು ಎಂಬ ಮಾತಿಗೆ ಕರ್ಟಿಸ್ ಅವರ ಕಾರ್ಖಾನೆಯೇ ಉತ್ತರ. ದಾವೆ ನಡೆಯುತ್ತಿದ್ದ ವರ್ಷಗಳಲ್ಲೇ ಅವರು ನೀರಿನಿಂದೇಳುವ ವಿಮಾನಗಳನ್ನು ರೂಪಿಸಿದರು, ನೌಕಾಪಡೆಗೆ ಮಾರಿದರು, ‘ಜೆನ್ನಿ’ ಎಂದು ಹೆಸರಾದ ತರಬೇತಿ ವಿಮಾನವನ್ನು ಸಾವಿರಾರು ಸಂಖ್ಯೆಯಲ್ಲಿ ತಯಾರಿಸುವಷ್ಟು ಬೆಳೆದರು. (1929ರಲ್ಲಿ ಎರಡು ಹೆಸರುಗಳೂ ಕರ್ಟಿಸ್-ರೈಟ್ ಎಂಬ ಒಂದೇ ಕಂಪನಿಯಾಗಿ ಬೆಸೆದವು, 1942ರಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಜೋಡಿಸಿ ಹಾರಿಸಿದ ಹಾಕ್ ಯುದ್ಧವಿಮಾನ ಆ ಕಂಪನಿಯದೇ.) ಯುರೋಪ್ ಮುಂದೆ ಹೋದದ್ದು ಅಲ್ಲಿಯ ಸರ್ಕಾರಗಳು ಯುದ್ಧದ ಭಯದಿಂದ ವಿಮಾನಕ್ಕೆ ಹಣ ಸುರಿದದ್ದರಿಂದ. ತಮ್ಮ ಸರ್ಕಾರ ಕೈಬಿಗಿ ಹಿಡಿದದ್ದಕ್ಕೆ ಇಬ್ಬರು ಆವಿಷ್ಕಾರಕರನ್ನು ಹೊಣೆ ಮಾಡುವುದು ಸಲ್ಲದು.

ವಿರೋಧ

ರೈಟ್ ಸಹೋದರರ ಪ್ರತಿಭೆಯನ್ನಾಗಲಿ, ಅವರು ಪಟ್ಟ ಪಾಡನ್ನಾಗಲಿ ಇಲ್ಲಿ ಯಾರೂ ಅಲ್ಲಗಳೆಯುತ್ತಿಲ್ಲ. ಅವರು ಕಟ್ಟಿದ ಕಾರ್ಯವಿಧಾನಕ್ಕೆ ಹಕ್ಕು ಸಲ್ಲಬೇಕಿತ್ತು, ಸಂದಿತು. ಆಕ್ಷೇಪವಿರುವುದು ಆ ಕಾರ್ಯವಿಧಾನದ ಆಚೆಗೆ, ಎರಡು ಬದಿಗಳ ತೂಕವನ್ನು ಯಾವ ಉಪಾಯದಿಂದ ಸರಿದೂಗಿಸಿದರೂ ಅದು ತಮ್ಮದೇ ಎಂಬಲ್ಲಿಗೆ ಹಕ್ಕನ್ನು ಹಿಗ್ಗಿಸಿದ್ದಕ್ಕೆ. ಪೇಟೆಂಟ್ ರಕ್ಷಿಸಬೇಕಾದದ್ದು ಸಾಧನವನ್ನು. ಫಲಕ್ಕೇ ಬೇಲಿ ಹಾಕಿದರೆ ಆ ಫಲವನ್ನು ಮುಟ್ಟುವ ಇನ್ನೂ ಒಳ್ಳೆಯ ದಾರಿಯನ್ನು ಹುಡುಕುವವರೇ ಇರುವುದಿಲ್ಲ.

ಸಾಧನದ ವಿಷಯಕ್ಕೆ ಬಂದರೆ ಎರಡು ಯಂತ್ರಗಳೂ ಬೇರೆ ಬೇರೆ. ರೈಟ್ ಪೇಟೆಂಟಿನಲ್ಲಿ ರೆಕ್ಕೆಯೇ ತಿರುಚಿಕೊಳ್ಳುತ್ತದೆ, ಚುಕ್ಕಾಣಿಯೂ ಅದರ ತಂತಿಗೇ ಕಟ್ಟಿಕೊಂಡಿರುತ್ತದೆ. ಕರ್ಟಿಸ್ ವಿಮಾನದಲ್ಲಿ ರೆಕ್ಕೆ ಗಟ್ಟಿಯಾಗಿರುತ್ತದೆ. ಏಲರಾನ್ ಹಲಗೆಗಳು ಮೇಲಿನ ಮತ್ತು ಕೆಳಗಿನ ರೆಕ್ಕೆಗಳ ನಡುವೆ ಬಿಡಿಯಾಗಿ ಕೂತಿರುತ್ತವೆ. ಚಾಲಕ ಅವುಗಳನ್ನು ತನ್ನ ಭುಜಗಳಿಗೆ ಒರಗಿರುವ ನೊಗದಂಥ ಚೌಕಟ್ಟಿನಿಂದ, ದೇಹವನ್ನು ಎಡಕ್ಕೋ ಬಲಕ್ಕೋ ಬಾಗಿಸಿ ಆಡಿಸುತ್ತಾನೆ. ಚುಕ್ಕಾಣಿಗೆ ಕೈಯಲ್ಲಿ ಪ್ರತ್ಯೇಕ ಚಕ್ರವಿದೆ. ಎರಡಕ್ಕೂ ತಂತಿಯ ನಂಟಿಲ್ಲ. ಚಾಲಕ ಕೆಲವೊಮ್ಮೆ ಎರಡನ್ನೂ ಒಟ್ಟಿಗೆ ಬಳಸಿದರೂ ಸಾಕು, ಉಲ್ಲಂಘನೆಯಾಯಿತು ಎಂದು ನ್ಯಾಯಾಧೀಶ ಜಾನ್ ಹೇಜಲ್ ಹೇಳಿದರು. ರೈಟ್ ಸಹೋದರರೇ 1905ರ ಹೊತ್ತಿಗೆ ತಮ್ಮ ಚುಕ್ಕಾಣಿಯನ್ನು ರೆಕ್ಕೆಯ ತಂತಿಯಿಂದ ಬಿಡಿಸಿ ಬೇರೆ ಹಿಡಿಕೆ ಕೊಟ್ಟಿದ್ದರು ಎಂಬುದನ್ನು ನೆನೆದರೆ, 1902ರ ಗ್ಲೈಡರಿನ ವಿವರಣೆಯಿಂದ ಮುಂದಿನ ಎಲ್ಲ ವಿಮಾನಗಳನ್ನೂ ಕಟ್ಟಿಹಾಕಿದ್ದು ಎಷ್ಟು ಅತಿಯಾಯಿತೆಂಬುದು ತಿಳಿಯುತ್ತದೆ.

ಹಿಂದಿನವರ ಕಾಣಿಕೆಯನ್ನೂ ಹೇಳಲೇಬೇಕು. ಏಲರಾನ್ ಬಗೆಯ ಹಲಗೆಗಳಿಗೆ ಇಂಗ್ಲೆಂಡಿನ ಮ್ಯಾಥ್ಯೂ ಬೋಲ್ಟನ್ 1868ರಲ್ಲೇ ಪೇಟೆಂಟ್ ಪಡೆದಿದ್ದರು. ಈಜಿಪ್ಟಿನಲ್ಲಿದ್ದ ಫ್ರೆಂಚ್ ಸಾಹಸಿ ಲೂಯಿ ಮುಯ್ಯಾರ್ ರೆಕ್ಕೆಯ ಹಿಂಬದಿಯನ್ನು ಬಾಗಿಸಿ ತಿರುಗುವ ಉಪಾಯಕ್ಕೆ 1897ರಲ್ಲಿ ಅಮೆರಿಕದ ಪೇಟೆಂಟನ್ನೇ ಪಡೆದಿದ್ದರು. ಅದಕ್ಕೆ ನೆರವಾದವರು ಷಿಕಾಗೊದ ಹಿರಿಯ ಎಂಜಿನಿಯರ್ ಆಕ್ಟೇವ್ ಷನೂಟ್. ಷನೂಟ್ ಅವರು 1900ರಿಂದ ವಿಲ್ಬರ್ ಜೊತೆ ನೂರಾರು ಪತ್ರಗಳಲ್ಲಿ ತಮ್ಮ ತಿಳಿವಳಿಕೆಯನ್ನು ಹಂಚಿಕೊಂಡವರು, ಮರಳ ದಿಬ್ಬದ ಶಿಬಿರಕ್ಕೆ ಬಂದು ಹುರಿದುಂಬಿಸಿದವರು. ಹಾರಾಟದ ವಿದ್ಯೆ ಎಲ್ಲರೂ ಕೂಡಿ ಕಟ್ಟುವಂಥದ್ದು ಎಂದು ನಂಬಿದ್ದ ಆ ಹಿರಿಯರು ದಾವೆಗಳನ್ನು ಮೆಚ್ಚಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ 1910ರಲ್ಲಿ ಗೆಳೆತನವೇ ಹದಗೆಟ್ಟಿತು, ಆ ವರ್ಷದ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ಬೋಲ್ಟನ್ ಆಗಲಿ ಮುಯ್ಯಾರ್ ಆಗಲಿ ಹಾರಲಿಲ್ಲ ಎಂಬ ವಾದ ಸರಿಯೇ. ಆದರೆ ಅವರ ಬರಹಗಳಿದ್ದ ಮೇಲೆ ಹೊಸತನದ ಎಲ್ಲೆ ಕಿರಿದಾಗಬೇಕಿತ್ತು. ಜರ್ಮನಿಯಲ್ಲಿ ಹಾಗೆಯೇ ಆಯಿತು: ವಿಷಯ ಭಾಷಣಗಳಲ್ಲಿ ಮೊದಲೇ ಬಹಿರಂಗವಾಗಿತ್ತೆಂಬ ಕಾರಣಕ್ಕೆ ಅಲ್ಲಿ ರೈಟ್ ಪೇಟೆಂಟಿಗೆ ಪೆಟ್ಟು ಬಿತ್ತು.

ಪೇಟೆಂಟ್ ಎಂದರೆ ಸಮಾಜದೊಡನೆ ಒಂದು ಒಪ್ಪಂದ: ವಿದ್ಯೆಯನ್ನು ಬಿಚ್ಚಿಡು, ಪ್ರತಿಯಾಗಿ ಕೆಲಕಾಲ ಏಕಸ್ವಾಮ್ಯ ಪಡೆ. ಸಹೋದರರು ಇದರ ಎರಡನೆಯ ಭಾಗವನ್ನು ಹಿಡಿದಷ್ಟು ಗಟ್ಟಿಯಾಗಿ ಮೊದಲನೆಯದನ್ನು ಹಿಡಿಯಲಿಲ್ಲ. 1905ರ ಅಕ್ಟೋಬರ್ 5ರಂದು ಡೇಟನ್ ಹೊರವಲಯದ ಹಫ್‌ಮನ್ ಬಯಲಿನಲ್ಲಿ ವಿಲ್ಬರ್ ಒಂದೇ ಏಟಿಗೆ 24 ಮೈಲಿ ಹಾರಿದರು. ಆ ತಿಂಗಳು ಕಳೆದ ಮೇಲೆ 1908ರ ಮೇ ತಿಂಗಳವರೆಗೆ, ಮಾರಾಟದ ಒಪ್ಪಂದ ಕೈಗೆ ಬರುವ ತನಕ, ಅವರು ಹಾರಲೇ ಇಲ್ಲ. ಯಂತ್ರವನ್ನು ಯಾರಿಗೂ ತೋರಿಸಲೂ ಇಲ್ಲ. ಜಗತ್ತಿನ ಏಕೈಕ ಪಳಗಿದ ವಿಮಾನ ಎರಡೂವರೆ ವರ್ಷ ಮುಚ್ಚಿಟ್ಟ ವಸ್ತುವಾಗಿತ್ತು. ಪ್ಯಾರಿಸ್ಸಿನಲ್ಲಿದ್ದ ಬ್ರೆಜಿಲ್ ದೇಶದ ಸಾಂಟೋಸ್-ಡುಮಾಂಟ್ ತಮ್ಮ ‘ಡೆಮ್ವಾಜೆಲ್’ ಎಂಬ ಪುಟ್ಟ ವಿಮಾನದ ನಕ್ಷೆಗಳನ್ನು ಯಾರು ಬೇಕಾದರೂ ಕಟ್ಟಿಕೊಳ್ಳಲಿ ಎಂದು ಬಿಟ್ಟುಕೊಟ್ಟದ್ದೂ ಇದೇ ದಶಕದಲ್ಲಿ. ಎಲ್ಲರೂ ಹಾಗೆ ದಾನಿಗಳಾಗಬೇಕೆಂದು ಒತ್ತಾಯಿಸಲಾಗದು. ಕೈಗೆಟುಕುವ ದರದಲ್ಲಿ ಪರವಾನಗಿ ಕೊಡುವ ನಡುದಾರಿಯೊಂದು ಇತ್ತು.

ಅದರ ಬದಲು ನಡೆದದ್ದು ಬೆನ್ನಟ್ಟುವಿಕೆ. 1910ರ ಜನವರಿಯಲ್ಲಿ ಲಾಸ್ ಏಂಜಲೀಸ್ ವಿಮಾನ ಪ್ರದರ್ಶನಕ್ಕೆಂದು ಫ್ರಾನ್ಸಿನಿಂದ ಹಡಗಿನಲ್ಲಿ ಬಂದಿಳಿದ ಹಾರಾಟಗಾರ ಲೂಯಿ ಪೋಲಾನ್ ಅವರಿಗೆ ಬಂದರಿನಲ್ಲೇ ನ್ಯಾಯಾಲಯದ ಕಾಗದ ಎದುರಾಯಿತು. ಇಂಗ್ಲೆಂಡಿನ ಗ್ರಹಾಂ-ವೈಟ್ ಮೇಲೂ ದಾವೆ ಬಿತ್ತು. ಕರ್ಟಿಸ್ ಬದುಕಿಕೊಂಡರು, ಅದನ್ನೇ ಪೇಟೆಂಟಿನ ಪರವಾದ ಸಾಕ್ಷಿಯೆಂದು ಮುಂದಿಡಲಾಗುತ್ತದೆ. ಆದರೆ ಅವರ ಬೆನ್ನಿಗೆ ಫೋರ್ಡ್ ಕೊಟ್ಟ ವಕೀಲ ಬೆಂಟನ್ ಕ್ರಿಸ್ಪ್ ಇದ್ದರು, ಬ್ರಿಟಿಷ್ ನೌಕಾಪಡೆಯ ಬೇಡಿಕೆಯಿತ್ತು, ಮೋಟಾರ್‌ಸೈಕಲ್ ಎಂಜಿನ್ನುಗಳಿಂದ ಬೆಳೆದ ಕಾರ್ಖಾನೆಯಿತ್ತು. ಕೊಟ್ಟಿಗೆಯಲ್ಲಿ ವಿಮಾನ ಕಟ್ಟುತ್ತಿದ್ದ ಸಣ್ಣಪುಟ್ಟ ಯಂತ್ರಗಾರನಿಗೆ ಇವಾವುವೂ ಇರಲಿಲ್ಲ. ಅವನಿಗೆ ದಾವೆಯ ಬೆದರಿಕೆಯೇ ಸಾಕಿತ್ತು.

ಎಲ್ಲಕ್ಕಿಂತ ನೋವಿನ ಸಂಗತಿಯೆಂದರೆ ಈ ಹಠ ಸಹೋದರರನ್ನೇ ತಿಂದುಹಾಕಿತು. ತನ್ನ ತಲೆಮಾರಿನ ಅತ್ಯಂತ ಸೂಕ್ಷ್ಮವಾದ ಯಂತ್ರಬುದ್ಧಿ ವಕೀಲರ ಕಚೇರಿಗಳಲ್ಲಿ, ಸಾಕ್ಷ್ಯ ಹೇಳುವುದರಲ್ಲಿ ಕಳೆದುಹೋಯಿತು. 1912ರ ಮೇ 30ರಂದು ವಿಲ್ಬರ್ 45ನೆಯ ವಯಸ್ಸಿನಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡರು. ಇತ್ತ ರೈಟ್ ಕಂಪನಿಯ ವಿಮಾನಗಳು ಹಳತಾಗುತ್ತಾ ಬಂದಿದ್ದವು. ಅವರ ಮಾಡೆಲ್ ಸಿ ವಿಮಾನಗಳ ಅಪಘಾತಗಳಲ್ಲಿ ಸೇನೆಯ ಹಲವು ಚಾಲಕರು ಸತ್ತರು, 1914ರಲ್ಲಿ ಸೇನೆ ಎಂಜಿನ್ ಚಾಲಕನ ಹಿಂದಿರುವ ಆ ಬಗೆಯ ವಿಮಾನಗಳನ್ನೇ ಕೈಬಿಟ್ಟಿತು. ಅದೇ ವರ್ಷ ನ್ಯಾಯಾಲಯದಲ್ಲಿ ಪೂರ್ಣ ಜಯ ಸಿಕ್ಕಿತು. ಮರುವರ್ಷ ಆರ್ವಿಲ್ ಕಂಪನಿಯನ್ನು ಮಾರಿ ಹೊರಬಂದರು.

1917ರಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿದಾಗ ಅದರ ಚಾಲಕರು ಕದನರಂಗದಲ್ಲಿ ಹಾರಿಸಿದ್ದು ಫ್ರಾನ್ಸಿನ ನ್ಯೂಪೋರ್ ಮತ್ತು ಸ್ಪಾಡ್ ಯುದ್ಧವಿಮಾನಗಳನ್ನು. ಸರ್ಕಾರದ ಜಿಪುಣತನಕ್ಕೂ ಅದರಲ್ಲಿ ಪಾಲಿದೆ, ಒಪ್ಪೋಣ. ಆದರೆ ಪೇಟೆಂಟಿನ ಗೋಜಲು ಕಾರಣವೇ ಅಲ್ಲದಿದ್ದರೆ, ಆ ಬೇಸಿಗೆಯಲ್ಲಿ ಸರ್ಕಾರವೇ ಮುಂದೆ ನಿಂತು ವಿಮಾನ ತಯಾರಕರ ಸಂಘವೊಂದನ್ನು ಕಟ್ಟಿಸಿ, ಎಲ್ಲರ ಪೇಟೆಂಟುಗಳನ್ನೂ ಒಂದೇ ಕಡೆ ಕೂಡಿಸಬೇಕಾಗಿ ಬರುತ್ತಿರಲಿಲ್ಲ. ಅಲ್ಲಿ ನಿಗದಿಯಾದ ರಾಯಧನ ವಿಮಾನವೊಂದಕ್ಕೆ 200 ಡಾಲರ್. ಅದರಿಂದ ರೈಟ್ ಪೇಟೆಂಟಿನ ಒಡೆತನ ಪಡೆದಿದ್ದ ಕಂಪನಿಗೂ ಕರ್ಟಿಸ್ ಕಂಪನಿಗೂ ತಲಾ 20 ಲಕ್ಷ ಡಾಲರ್‌ವರೆಗೆ ಸಲ್ಲುವಂತೆ ಏರ್ಪಾಟಾಯಿತು. ಆವಿಷ್ಕಾರಕ್ಕೆ ಬೆಲೆಯೂ ಸಂದಿತು, ಉಳಿದವರು ವಿಮಾನ ಕಟ್ಟಲು ಅಡ್ಡಿಯೂ ಉಳಿಯಲಿಲ್ಲ. ಈ ಬಗೆಯ ಏರ್ಪಾಟನ್ನು 1909ರಲ್ಲೇ ಮಾಡಿಕೊಳ್ಳಲು ಕಾನೂನಿನ ಯಾವ ತಡೆಯೂ ಇರಲಿಲ್ಲ.