ಕಾಗದ ಒಂದು, ಗಂಟೆ ನಾಲ್ಕು

ಮುಂಬೈ ಪಕ್ಕದ ಡೊಂಬಿವಲಿಯ ಹಳೆಯ ಬಿಲ್ಡಿಂಗುಗಳಲ್ಲಿ ಮೆಟ್ಟಿಲು ಶುರುವಾಗುವ ಕಡೆ ಗೋಡೆಗೆ ಬಡಿದ ಅಂಚೆ ಪೆಟ್ಟಿಗೆಗಳ ಸಾಲು ಇರುತ್ತದೆ. ಫ್ಲ್ಯಾಟಿಗೊಂದು ಗೂಡು. ಶೆಟ್ಟಿ, ಕುಲಕರ್ಣಿ, ಪೂಜಾರಿ, ಜೋಶಿ, ರಾವ್ ಎಂದು ಬಣ್ಣ ಮಾಸಿದ ಹೆಸರುಗಳು. ಅರ್ಧಕ್ಕರ್ಧ ಬೀಗಗಳಿಗೆ ತುಕ್ಕು. ಅಂಚೆಯವನು ಕರೆಂಟು ಬಿಲ್ಲು, ಊರಿನ ದೇವಸ್ಥಾನದ ಜಾತ್ರೆಯ ಕಾಗದ, ವಿಮೆ ಕಂಪನಿಯ ಲಕೋಟೆ ಎಲ್ಲವನ್ನೂ ಅಲ್ಲೇ ತುರುಕಿ ಹೋಗುತ್ತಾನೆ. ಸಹಿ ಹಾಕಿಸಿಕೊಳ್ಳಬೇಕಾದದ್ದೇನಾದರೂ ಇದ್ದರೆ ಮಾತ್ರ ಮೂರನೇ ಮಾಳಿಗೆ ಹತ್ತಿ ಬೆಲ್ಲು ಒತ್ತುತ್ತಾನೆ. ಯಾವುದಕ್ಕೆ ಹತ್ತಬೇಕು, ಯಾವುದಕ್ಕೆ ಬೇಡ ಎಂಬ ವಿವೇಕ ಅವನಿಗೆ ಮೊಣಕಾಲಿನಿಂದಲೇ ಬಂದಿರಬೇಕು.

ಇಮೇಲಿಗೆ ಮೊಣಕಾಲಿಲ್ಲ. ಹಾಗಾಗಿ ಅದು ಎಲ್ಲಕ್ಕೂ ಹತ್ತಿ ಬರುತ್ತದೆ. ಸೊಸೈಟಿಯ ಮೆಂಟೆನೆನ್ಸ್ ಬಿಲ್ಲು ಬೆಳಿಗ್ಗೆ ಏಳೂಮುಕ್ಕಾಲಿಗೆ ಹೊರಟಿತೆನ್ನಿ. ಅಡುಗೆಕಟ್ಟೆಯ ಮೇಲೆ ಚಾರ್ಜಿಗಿಟ್ಟ ಫೋನು ಟಿಣ್ ಎನ್ನುತ್ತದೆ. ದೋಸೆ ಮಗುಚುತ್ತಿರುವವರ ಮಣಿಕಟ್ಟಿನ ವಾಚು ಜುಮ್ಮೆನ್ನುತ್ತದೆ. ಮಗು ಕಾರ್ಟೂನು ನೋಡುತ್ತಿರುವ ಟ್ಯಾಬಿನ ನೆತ್ತಿಯಿಂದ ಒಂದು ಪಟ್ಟಿ ಇಳಿಯುತ್ತದೆ. ಒಳಗಿನ ಕೋಣೆಯ ಲ್ಯಾಪ್‌ಟಾಪು ಬಲಮೂಲೆಯಿಂದ ಇಣುಕುತ್ತದೆ. ಒಂದೇ ಬಿಲ್ಲು, ನಾಲ್ಕು ಬಾಗಿಲು. ಫೋನಿನಲ್ಲಿ ಈ ಗಂಟೆ, ಅಂದರೆ ನೋಟಿಫಿಕೇಶನ್, ಅಡಗಿಸಿ ಹೊರಟವರನ್ನು ಉಳಿದ ಮೂರು ಬೆನ್ನು ಬಿಡುವುದಿಲ್ಲ. ಕಾರಣ ಸರಳ: ಪತ್ರ ಇರುವುದು ಸರ್ವರಿನಲ್ಲಿ, ಅಂದರೆ ಮೇಲ್ ಕಂಪನಿಯ ದೂರದ ಕಂಪ್ಯೂಟರಿನಲ್ಲಿ, ಓದಿದೆಯೋ ಇಲ್ಲವೋ ಎಂಬ ಲೆಕ್ಕವೂ ಅಲ್ಲೇ, ಗಂಟೆ ಮಾತ್ರ ಆಯಾ ಯಂತ್ರದ ಸ್ವಂತ ಆಸ್ತಿ. ಎಲ್ಲವನ್ನೂ ಒಮ್ಮೆಗೇ ಆರಿಸುವ ಮೇನ್ ಸ್ವಿಚ್ಚು ಹುಡುಕುವುದು ದಂಡ.

ಅಸಲಿಗೆ ಇಮೇಲು ಹುಟ್ಟಿದ್ದು ಗಂಟೆಯಿಲ್ಲದೆ. 1971ರಲ್ಲಿ ಅಮೆರಿಕದ ಇಂಜಿನಿಯರ್ ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೊದಲ ಜಾಲಪತ್ರ ಕಳಿಸಿದಾಗ ಎರಡೂ ಯಂತ್ರಗಳು ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಇದ್ದವು. ಬಂದದ್ದು ಗೊತ್ತಾಗಲು ಎದ್ದು ಹೋಗಿ ನೋಡಿದರಾಯಿತು. ಗಂಟೆ ಆಮೇಲಿನದು. 1980ರ ಹೊತ್ತಿಗೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ 'ಬಿಫ್' ಎಂಬ ಪುಟ್ಟ ಪ್ರೋಗ್ರಾಮು ಬಂತು. ಪತ್ರ ಬಂದೊಡನೆ ಪರದೆಯ ಮೇಲೆ ಹೇಳುವುದು ಅದರ ಕೆಲಸ. ಬಿಫ್ ಎನ್ನುವುದು ಅಲ್ಲಿ ಓಡಾಡಿಕೊಂಡಿದ್ದ ಒಂದು ನಾಯಿಯ ಹೆಸರು. ಅಂಚೆಯವನನ್ನು ಕಂಡರೆ ಬೊಗಳುತ್ತಿತ್ತು, ಅದಕ್ಕೇ ಆ ಹೆಸರು ಎಂದು ಕತೆ. ನಾಯಿಯ ಒಡತಿ ಅದು ಕಟ್ಟುಕತೆ ಎಂದಿದ್ದಾರೆ. ನಾಯಿಯ ಮಾನ ಉಳಿಯಲಿ. ಇಲ್ಲಿ ಗಮನಿಸಬೇಕಾದದ್ದು ಬೇರೆ: 'ಬಿಫ್ ವೈ' ಎಂದು ಟೈಪ್ ಮಾಡಿದರೆ ಬೊಗಳು, 'ಬಿಫ್ ಎನ್' ಎಂದರೆ ಸುಮ್ಮನಿರು. ಮುಗಿಯಿತು. ನಾಯಿ ಒಂದೇ ಇತ್ತು, ಸರಪಳಿಯೂ ಒಂದೇ. ಈಗ ಬಿಲ್ಡಿಂಗ್ ತುಂಬ ನಾಯಿಗಳು. ಯಾವುದು ಬೊಗಳಿದ್ದು ಎಂದು ಮೊದಲು ಪತ್ತೆ ಮಾಡಬೇಕು.

ಪತ್ತೆಗೆ ಆಂಡ್ರಾಯ್ಡ್ ಫೋನಿನಲ್ಲಿ ಒಳ್ಳೆಯ ಉಪಾಯವಿದೆ. ಗಂಟೆ ಬಾರಿಸಿದ ಪಟ್ಟಿಯನ್ನು ಹಾಗೇ ಸರಿಸಿ ಎಸೆಯುವ ಬದಲು ಅದರ ಮೇಲೆ ಬೆರಳನ್ನು ಒಂದು ಕ್ಷಣ ಒತ್ತಿ ಹಿಡಿಯಿರಿ. ಯಾವ ಆ್ಯಪು, ಯಾವ ಖಾತೆ, ಯಾವ ಬಗೆ ಎಂದು ಅದೇ ಬಾಯಿ ಬಿಡುತ್ತದೆ; ಕೆಳಗೆ 'ಸೈಲೆಂಟ್' ಎಂಬ ಆಯ್ಕೆ ಇರುತ್ತದೆ. ಸೈಲೆಂಟ್ ಮಾಡಿದ್ದು ಸದ್ದಿಲ್ಲದೆ, ನಡುಗಿಸದೆ, ಪಟ್ಟಿಯ ತಳದಲ್ಲಿ ಹೋಗಿ ಕೂರುತ್ತದೆ. ಅಂಚೆ ಪೆಟ್ಟಿಗೆಗೆ ಹಾಕಿದ ಹಾಗೆ. 2017ರ ಆಂಡ್ರಾಯ್ಡ್ 8ರಿಂದ ಪ್ರತಿ ಆ್ಯಪಿನ ಗಂಟೆಯನ್ನೂ ಹೀಗೆ ಬಗೆಬಗೆಯಾಗಿ ಒಡೆದು ಕೊಟ್ಟಿದ್ದಾರೆ. ತಪ್ಪುವುದೂ ಇಲ್ಲೇ. ಜಿಮೇಲಿನಲ್ಲಿ ಮನೆಯ ಖಾತೆ, ಆಫೀಸಿನ ಖಾತೆ ಎರಡಿದ್ದರೆ ಗಂಟೆಯ ಲೆಕ್ಕವೂ ಎರಡು. ಒಂದನ್ನು ಸುಮ್ಮನಾಗಿಸಿ 'ಮಾಡಿದ್ದೆನಲ್ಲ, ಮತ್ತೂ ಬಡಿಯುತ್ತಿದೆ' ಎಂದು ಫೋನನ್ನು ಬೈಯುವವರು ಇನ್ನೊಂದು ಖಾತೆಯನ್ನು ಮುಟ್ಟಿರುವುದೇ ಇಲ್ಲ. ಇನ್ನು ಒಂದೇ ಪತ್ರಕ್ಕೆ ಒಂದೇ ಫೋನು ಎರಡು ಸಲ ಟಿಣ್ ಎಂದರೆ ದೆವ್ವದ ಕಾಟವಲ್ಲ: ಫೋನಿನ ಜೊತೆಗೇ ಬಂದ ಕಂಪನಿಯ ಮೇಲ್ ಆ್ಯಪಿಗೂ ಯಾವಾಗಲೋ ಅದೇ ಖಾತೆ ಜೋಡಿಸಿರುತ್ತದೆ. ಅದರಿಂದ ಖಾತೆಯನ್ನೇ ತೆಗೆದುಬಿಡಿ. ಪತ್ರ ಎಲ್ಲೂ ಹೋಗುವುದಿಲ್ಲ, ಸರ್ವರಿನಲ್ಲಿದೆ.

ಜಿಮೇಲ್ ಆ್ಯಪಿನೊಳಗೂ ಒಂದು ತಿರುಗಣೆ ಇದೆ. ಎಡಮೂಲೆಯ ಮೂರು ಗೆರೆ, ಕೆಳಗೆ ಜಾರಿ ಸೆಟ್ಟಿಂಗ್ಸ್, ಅಲ್ಲಿ ಖಾತೆಯ ವಿಳಾಸ, ಅದರೊಳಗೆ ನೋಟಿಫಿಕೇಶನ್ಸ್. ಆಯ್ಕೆ ಮೂರು: ಎಲ್ಲವೂ, 'ಹೈ ಪ್ರಯಾರಿಟಿ' ಮಾತ್ರ, ಯಾವುದೂ ಬೇಡ. ಬಹಳ ಮಂದಿ ಕಿರಿಕಿರಿ ತಡೆಯಲಾರದೆ ನೇರ ಮೂರನೆಯದಕ್ಕೆ ಹಾರುತ್ತಾರೆ. ಹದಿನೈದು ದಿನದಲ್ಲಿ ಯಾವುದೋ ಮುಖ್ಯವಾದದ್ದು ತಪ್ಪಿ ಮತ್ತೆ ಮೊದಲನೆಯದಕ್ಕೆ ವಾಪಸು. ನಡುವಿನದನ್ನು ಯಾರೂ ನಂಬುವುದಿಲ್ಲ, ಯಾಕೆಂದರೆ ಯಾವುದು ಮುಖ್ಯ ಎಂದು ಯಂತ್ರಕ್ಕೇನು ಗೊತ್ತು? ನ್ಯಾಯವೇ. ಆದರೆ ಯಂತ್ರಕ್ಕೆ ಹೇಳಿಕೊಡಬಹುದು. ಇದು ಕಂಪ್ಯೂಟರಿನಲ್ಲಿ ಮಾಡುವ ಕೆಲಸ, ಫೋನಿನ ಆ್ಯಪಿನಲ್ಲಿ ಫಿಲ್ಟರ್, ಅಂದರೆ ಯಾವ ಪತ್ರಕ್ಕೆ ಏನು ಮಾಡಬೇಕೆಂಬ ಕಟ್ಟಳೆ, ಕಟ್ಟಲು ಬರುವುದಿಲ್ಲ. ಜಿಮೇಲಿನ ಹುಡುಕುವ ಪೆಟ್ಟಿಗೆಯ ಬಲತುದಿಯ ಗುರುತು ಒತ್ತಿದರೆ ಒಂದು ಫಾರಮ್ಮು ತೆರೆಯುತ್ತದೆ. 'ಫ್ರಮ್' ಸಾಲಿನಲ್ಲಿ ನಿಮ್ಮ ಬ್ಯಾಂಕಿನ ವಿಳಾಸದ ಬಾಲ, ಅಂದರೆ ಅಟ್ ಗುರುತಿನ ನಂತರದ ಭಾಗ ಬರೆದು 'ಕ್ರಿಯೇಟ್ ಫಿಲ್ಟರ್' ಒತ್ತಿ. ಮುಂದಿನ ಪಟ್ಟಿಯಲ್ಲಿ ಎರಡು ಟಿಕ್ ಹಾಕಿ: ಸ್ಪ್ಯಾಮಿಗೆ ಎಂದೂ ಕಳಿಸಬೇಡ, ಯಾವಾಗಲೂ ಮುಖ್ಯವೆಂದು ಗುರುತಿಸು. ಮಗುವಿನ ಶಾಲೆಗೊಂದು, ಆಸ್ಪತ್ರೆಯ ರಿಪೋರ್ಟು ಬರುವ ವಿಳಾಸಕ್ಕೊಂದು ಹೀಗೇ. ಐದಾರು ಸಾಕು. ಹದಿನೈದಾದರೆ ಮತ್ತೆ ಎಲ್ಲರೂ ಮೂರನೇ ಮಾಳಿಗೆಗೆ ಹತ್ತಿದಂತೆಯೇ. ಆಮೇಲೆ ಫೋನನ್ನು ಹೈ ಪ್ರಯಾರಿಟಿಗೆ ತಿರುಗಿಸಿದರೆ ಸಹಿ ಬೇಕಾದ ಕಾಗದಕ್ಕೆ ಬೆಲ್ಲು, ಉಳಿದದ್ದು ಕೆಳಗಿನ ಗೂಡಿಗೆ.

ಬ್ಯಾಂಕಿನ ಹೆಸರು ಮೊದಲು ಬಂದದ್ದು ಸುಮ್ಮನೆ ಅಲ್ಲ. 2017ರ ಜುಲೈ 6ರ ರಿಸರ್ವ್ ಬ್ಯಾಂಕಿನ ಸುತ್ತೋಲೆಯ ಪ್ರಕಾರ, ಬ್ಯಾಂಕಿನದೂ ಅಲ್ಲ ಗ್ರಾಹಕನದೂ ಅಲ್ಲದ ತಪ್ಪಿನಿಂದ ಖಾತೆಯ ಹಣ ಹೋದರೆ, ಬ್ಯಾಂಕಿನ ಸಂದೇಶ ಸಿಕ್ಕ ಮೇಲೆ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವನ ಮೇಲೆ ನಷ್ಟದ ಹೊರೆಯಿಲ್ಲ. ನಾಲ್ಕರಿಂದ ಏಳು ದಿನವಾದರೆ ಒಂದಿಷ್ಟು ಅವನ ತಲೆಗೆ. ಸಂದೇಶ ಬಂದ ದಿನವನ್ನು ಬಿಟ್ಟು ಎಣಿಕೆ. ಎಣಿಕೆ ಶುರುವಾಗುವುದು ಆ ಸಂದೇಶದಿಂದ. ಹಾಗಾಗಿ ಬ್ಯಾಂಕಿನ ಎಸ್ಸೆಮ್ಮೆಸ್ಸಿಗೂ ಮೇಲಿಗೂ ಬಾಯಿ ಕಟ್ಟುವುದು ಜಾಣತನವಲ್ಲ. ಸಾಲ ಬೇಕೇ, ಕಾರ್ಡು ಬೇಕೇ ಎಂದು ಅದೇ ಬ್ಯಾಂಕು ದಿನಕ್ಕೆರಡು ಸಲ ಕೇಳಿದರೆ? ಅವು ಸಾಮಾನ್ಯವಾಗಿ ಬೇರೆ ವಿಳಾಸದಿಂದ ಬರುತ್ತವೆ. ಎರಡು ಹಳೆಯ ಪತ್ರ ತೆಗೆದು ಕಳಿಸಿದ ವಿಳಾಸ ಹೋಲಿಸಿದರೆ ಗೊತ್ತಾಗುತ್ತದೆ. ಆಗ ಬಾಲದ ಬದಲು ಪೂರ್ತಿ ವಿಳಾಸವನ್ನೇ ಫಿಲ್ಟರಿಗೆ ಕೊಡಿ.

1909ಕ್ಕೆ ಡಿಎನ್‌ಡಿ, ಅಂದರೆ ಜಾಹೀರಾತು ಬೇಡವೆಂಬ ಕೋರಿಕೆ, ಕೊಟ್ಟಿದ್ದೇವೆ, ಇನ್ನೂ ಜಾಹೀರಾತಿನ ಮೇಲು ಬರುತ್ತಿದೆ ಎಂದು ಗೊಣಗುವವರಿದ್ದಾರೆ. ಅದು ಕರೆಗೆ ಮತ್ತು ಎಸ್ಸೆಮ್ಮೆಸ್ಸಿಗೆ. ಮೇಲಿಗೂ ಅದಕ್ಕೂ ಸಂಬಂಧವಿಲ್ಲ. ಇಮೇಲಿನ ಮದ್ದು ಕಳಿಸಿದವರ ಹೆಸರಿನ ಪಕ್ಕದಲ್ಲೇ ಕಾಣುವ 'ಅನ್‌ಸಬ್‌ಸ್ಕ್ರೈಬ್'. ದಿನಕ್ಕೆ ಐದು ಸಾವಿರಕ್ಕೂ ಮೇಲ್ಪಟ್ಟು ಕಳಿಸುವ ವ್ಯಾಪಾರಿಗಳು ಒಂದೇ ಒತ್ತಿಗೆ ಬಿಡುಗಡೆ ಕೊಡಬೇಕು, ಎರಡು ದಿನದೊಳಗೆ ನಿಲ್ಲಿಸಬೇಕು ಎಂದು ಜಿಮೇಲ್ 2024ರಲ್ಲಿ ನಿಯಮ ಮಾಡಿದೆ. ಗುರುತು ಪರಿಚಯವಿಲ್ಲದವರ ಪತ್ರದ ಒಳಗಿರುವ ಕೊಂಡಿಯನ್ನು ಮಾತ್ರ ಒತ್ತಬೇಡಿ, ಅದು ಮನೆಯಲ್ಲಿ ಜನ ಇದ್ದಾರೆಂದು ಒಳಗಿನಿಂದ ಕೂಗಿ ಹೇಳಿದಂತೆ. ಅಂಥದ್ದಕ್ಕೆ ಸ್ಪ್ಯಾಮ್ ಎಂದು ದೂರು, ಅಷ್ಟೇ.

ಐಫೋನಿನ ಸಂಗತಿ ಸ್ವಲ್ಪ ಬೇರೆ. ಐಓಎಸ್ 18ರಿಂದೀಚೆಗೆ ಮೇಲ್ ಎಂಬುದು ಸೆಟ್ಟಿಂಗ್ಸಿನ ತಳದ 'ಆ್ಯಪ್ಸ್' ಎಂಬ ಅಟ್ಟಕ್ಕೆ ಹೋಗಿದೆ, ಹುಡುಕಬೇಕು. ಅಲ್ಲಿ ಸದ್ದು, ಪಟ್ಟಿ, ಕೆಂಪು ಅಂಕೆ ಮೂರಕ್ಕೂ ಬೇರೆ ಬೇರೆ ಸ್ವಿಚ್ಚು. ಸದ್ದು ಆರಿಸಿದವರು ಕೆಂಪು ಅಂಕೆಯನ್ನು ಬಿಟ್ಟುಬಿಡುತ್ತಾರೆ. ಆಮೇಲೆ ಆ 1,463 ಎಂಬ ಅಂಕೆ ತೀರಿಸಲಾಗದ ಕೈಸಾಲದಂತೆ ದಿನವಿಡೀ ಮುಖ ನೋಡುತ್ತದೆ. ಅದನ್ನೇ ಮೊದಲು ತೆಗೆಯಿರಿ ಎಂದು ಧೈರ್ಯವಾಗಿ ಹೇಳಬಹುದು. ಸದ್ದು ಕ್ಷಣದ್ದು, ಅಂಕೆ ಖಾಯಂ. ಅಕೌಂಟ್ಸ್ ಕೆಳಗೆ 'ಫೆಚ್ ನ್ಯೂ ಡೇಟಾ' ಎಂದೊಂದಿದೆ: ಪತ್ರವನ್ನು ಸರ್ವರ್ ತಾನೇ ತಂದು ಕೊಡುವುದು ಪುಶ್, ಫೋನು ಹದಿನೈದು ನಿಮಿಷಕ್ಕೋ ಗಂಟೆಗೋ ಒಮ್ಮೆ ಹೋಗಿ ಕೇಳುವುದು ಫೆಚ್, ನೀವು ತೆರೆದಾಗ ಮಾತ್ರ ತರುವುದು ಮ್ಯಾನ್ಯುಯಲ್. ಆಪಲ್ಲಿನ ಮೇಲ್ ಆ್ಯಪಿಗೆ ಜೋಡಿಸಿದ ಜಿಮೇಲಿಗೆ ಪುಶ್ ಇಲ್ಲ. 'ನನಗೆ ಅರ್ಧ ಗಂಟೆ ತಡವಾಗಿ ಬರುತ್ತದೆ' ಎನ್ನುವವರ ಕಾರಣ ಬಹುಮಟ್ಟಿಗೆ ಇದೇ. 2021ರಲ್ಲಿ ಬಂದ 'ಶೆಡ್ಯೂಲ್ಡ್ ಸಮರಿ' ಎಲ್ಲವನ್ನೂ ಕಟ್ಟಿಟ್ಟು ಹೇಳಿದ ಹೊತ್ತಿಗೆ ಒಪ್ಪಿಸುತ್ತದೆ, ಡಬ್ಬಾವಾಲಾನ ಶಿಸ್ತಿನಲ್ಲಿ. ಆದರೆ ಅದು ತಾನಾಗಿ ಗುರುತು ಹಾಕಿಕೊಡುವ ಹೊತ್ತು ಬೆಳಿಗ್ಗೆ ಎಂಟು, ಸಂಜೆ ಆರು. ಎಂಟಕ್ಕೆ ಡೊಂಬಿವಲಿಯ ಫಾಸ್ಟ್ ಲೋಕಲ್ಲಿನಲ್ಲಿ ನಿಂತವರ ಕೈ ಜೇಬಿನವರೆಗೆ ಇಳಿಯುವುದೇ ಇಲ್ಲ. ಹತ್ತೂವರೆಗೂ ಮಧ್ಯಾಹ್ನದ ಊಟದ ನಂತರಕ್ಕೂ ಬದಲಾಯಿಸಿಕೊಳ್ಳುವುದು ಮೇಲು.

ಕಂಪ್ಯೂಟರಿನಲ್ಲಿ ಗಂಟೆಗಳು ಮೂರು ಪದರದಲ್ಲಿ ಇರುತ್ತವೆ. ಜಿಮೇಲಿನದು ಅದರ ಸೆಟ್ಟಿಂಗ್ಸಿನ ಮೊದಲ ಪುಟದಲ್ಲಿ, 'ಡೆಸ್ಕ್‌ಟಾಪ್ ನೋಟಿಫಿಕೇಶನ್ಸ್' ಎಂಬಲ್ಲಿ. ಗುಂಡಿ ಬದಲಾಯಿಸಿ ಖುಷಿಯಲ್ಲಿ ಟ್ಯಾಬು ಮುಚ್ಚುವವರು, ಪುಟದ ಕಟ್ಟಕಡೆಗೆ ಹೋಗಿ 'ಸೇವ್ ಚೇಂಜಸ್' ಒತ್ತದಿದ್ದರೆ ಏನೂ ಬದಲಾಗಿಲ್ಲ ಎಂಬುದನ್ನು ಮರುದಿನ ತಿಳಿಯುತ್ತಾರೆ. ಎರಡನೆಯ ಪದರ ಬ್ರೌಸರಿನದು. ಯಾವುದೋ ಸೀರೆ ಅಂಗಡಿಯ ಸೈಟಿಗೆ ಒಮ್ಮೆ 'ಅಲೋ' ಒತ್ತಿದ್ದರೆ ಬಲಮೂಲೆಯಿಂದ ಇಮೇಲಿನಂತೆಯೇ ಇಣುಕುವುದು ಆ ಸೈಟು. ಅದು ಇಮೇಲೇ ಅಲ್ಲ. ಕ್ರೋಮಿನ ಸೈಟ್ ಸೆಟ್ಟಿಂಗ್ಸಿನಲ್ಲಿ ನೋಟಿಫಿಕೇಶನ್ಸ್ ತೆರೆದು ಪಟ್ಟಿ ನೋಡಿದರೆ ಯಾರ್ಯಾರಿಗೆ ಮನೆ ಬೀಗದ ಕೈ ಕೊಟ್ಟಿದ್ದೆವು ಎಂದು ಗಾಬರಿಯಾಗುತ್ತದೆ. ಮೂರನೆಯದು ವಿಂಡೋಸಿನದು, ಸಿಸ್ಟಮ್ ಕೆಳಗೆ. ಮೈಕ್ರೋಸಾಫ್ಟಿನ ಮೇಲ್ ಪ್ರೋಗ್ರಾಮಾದ ಹಳೆಯ ಔಟ್‌ಲುಕ್ಕಿನವರು ಫೈಲ್, ಆಪ್ಶನ್ಸ್, ಮೇಲ್ ಎಂದು ಹೋಗಿ 'ಮೆಸೇಜ್ ಅರೈವಲ್' ಕೆಳಗಿನ ನಾಲ್ಕು ಟಿಕ್ಕುಗಳನ್ನೂ ತೆಗೆದು, ಸಾಹೇಬರ ಪತ್ರಕ್ಕೆ ಮಾತ್ರ ಒಂದು ರೂಲ್ ಕಟ್ಟಿ ಅಲರ್ಟ್ ತೋರಿಸುವಂತೆ ಮಾಡಬಹುದು. ಸಾಹೇಬರಿಗೆ ಇದನ್ನು ಹೇಳಬೇಕೆಂದೇನಿಲ್ಲ.

ವಾಚಿನದು ಬೇಗ ಮುಗಿಯುವ ಮಾತು. ಆಪಲ್ ವಾಚಾದರೆ ಫೋನಿನ ವಾಚ್ ಆ್ಯಪಿನಲ್ಲಿ ನೋಟಿಫಿಕೇಶನ್ಸ್, ಮೇಲ್, ಕಸ್ಟಮ್; ಬೇರೆ ಬ್ಯಾಂಡುಗಳಲ್ಲಿ ಅವುಗಳ ಆ್ಯಪಿನ ಪಟ್ಟಿಯಿಂದ ಮೇಲ್ ತೆಗೆದರಾಯಿತು. ಮಣಿಕಟ್ಟಿಗೆ ಮೇಲು ಬೇಕಾದ ಉದ್ಯೋಗ ಯಾವುದಿದ್ದೀತು ಎಂದು ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ.

ಇಷ್ಟಾದ ಮೇಲೂ ಒಂದು ಪಿಡುಗು ಉಳಿಯುತ್ತದೆ: ಸೊಸೈಟಿಯ ಎಜಿಎಂ, ಅಂದರೆ ವಾರ್ಷಿಕ ಸಭೆಯ ನೋಟಿಸು. ಸೆಕ್ರೆಟರಿ ಎಲ್ಲರಿಗೂ ಕಳಿಸುತ್ತಾರೆ, ಬಿ ವಿಂಗಿನವರೊಬ್ಬರು 'ನೋಟೆಡ್' ಎಂದು ಎಲ್ಲರಿಗೂ ಉತ್ತರಿಸುತ್ತಾರೆ, ಇನ್ನೊಬ್ಬರು ನೀರಿನ ಟ್ಯಾಂಕರಿನ ಲೆಕ್ಕ ಎತ್ತುತ್ತಾರೆ, ಮತ್ತೊಬ್ಬರು ದಯವಿಟ್ಟು ಎಲ್ಲರಿಗೂ ಉತ್ತರಿಸಬೇಡಿ ಎಂದು ಎಲ್ಲರಿಗೂ ಉತ್ತರಿಸುತ್ತಾರೆ. ಜಿಮೇಲಿನಲ್ಲಿ ಪತ್ರ-ಉತ್ತರಗಳ ಆ ಎಳೆಯನ್ನು ತೆರೆದು ಮೂರು ಚುಕ್ಕೆಯೊಳಗಿನ 'ಮ್ಯೂಟ್' ಒತ್ತಿದರೆ ಮುಂದಿನ ಉತ್ತರಗಳು ಇನ್‌ಬಾಕ್ಸಿಗೆ ಬಾರದೆ 'ಆಲ್ ಮೇಲ್' ಎಂಬ ಹಿಂದಿನ ಕೋಣೆಗೆ ಹೋಗುತ್ತವೆ. ನಿಮ್ಮೊಬ್ಬರಿಗೇ ಬರೆದದ್ದಾದರೆ ಮರಳಿ ಮುಂದೆ ಬರುತ್ತದೆ. ಔಟ್‌ಲುಕ್ಕಿನ 'ಇಗ್ನೋರ್' ಇದರ ತಮ್ಮ ಎಂದು ತಿಳಿಯಬೇಡಿ. ಅದು ಆ ಎಳೆಯನ್ನೂ ಮುಂದೆ ಬರುವುದನ್ನೂ ನೇರ ಕಸದ ಬುಟ್ಟಿಗೆ ಹಾಕುತ್ತದೆ. ಪಾರ್ಕಿಂಗ್ ಹಂಚಿಕೆ ಆ ಎಳೆಯಲ್ಲೇ ತೀರ್ಮಾನವಾದರೆ ಆಮೇಲೆ ಕಾರು ರಸ್ತೆಯಲ್ಲಿ.

ಬೇಸಿಗೆ ರಜೆಯಲ್ಲಿ ಕುರ್ಲಾದಿಂದ ಮತ್ಸ್ಯಗಂಧಾ ರೈಲು ಹತ್ತಿ ಉಡುಪಿಯ ಕಡೆಗೆ ಹೊರಟವರು ಇನ್ನೊಂದು ಸೆಟ್ಟಿಂಗನ್ನು ನೋಡಿಕೊಳ್ಳುವುದು ಒಳ್ಳೆಯದು. ರತ್ನಾಗಿರಿಗೆ ಮುಂಚೆ ಕರ್ಬುಡೆ ಸುರಂಗ, ಆರೂವರೆ ಕಿಲೋಮೀಟರು. ನೆಟ್‌ವರ್ಕು ಹೋಗುತ್ತದೆ. ಹೊರಬಂದು ಸಿಗ್ನಲ್ ಸಿಕ್ಕಿದೊಡನೆ ತಡೆದಿಟ್ಟ ಪತ್ರಗಳೆಲ್ಲ ಒಟ್ಟಿಗೆ ನುಗ್ಗುತ್ತವೆ. ಆಂಡ್ರಾಯ್ಡ್ ಜಿಮೇಲಿನಲ್ಲಿ 'ಪ್ರತಿ ಸಂದೇಶಕ್ಕೂ ತಿಳಿಸು' ಎಂಬ ಟಿಕ್ ಇಲ್ಲದಿದ್ದರೆ ಆ ಹಿಂಡಿಗೆಲ್ಲ ಒಂದೇ ಟಿಣ್. ಟಿಕ್ ಇದ್ದರೆ ಎದುರು ಬರ್ತಿನ ಅಜ್ಜಿಗೆ ಎಚ್ಚರ.

ಎಲ್ಲ ಮುಗಿಸಿದ ಮೇಲೆ ಪರೀಕ್ಷೆ. ನಿಮಗೆ ನೀವೇ ಕಳಿಸಿಕೊಂಡು ನೋಡಬೇಡಿ, ತನ್ನದೇ ಖಾತೆಯ ಪತ್ರಕ್ಕೆ ಗಂಟೆ ಬಾರಿಸುವ ವಿಷಯದಲ್ಲಿ ಆ್ಯಪುಗಳ ನಡತೆ ನಂಬುವಂಥದ್ದಲ್ಲ. ಮನೆಯ ಇನ್ನೊಬ್ಬರ ಖಾತೆಯಿಂದ 'ಚಾ ಆಯ್ತು' ಎಂದು ಒಂದು ಮೇಲು ಹಾಕಿಸಿ, ಫೋನು ವಾಚು ಟ್ಯಾಬು ಲ್ಯಾಪ್‌ಟಾಪು ನಾಲ್ಕನ್ನೂ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟು ಎರಡು ನಿಮಿಷ ಕಾಯಿರಿ. ಯಾವುದಾದರೂ ಮಿಸುಕಿದರೆ ಒತ್ತಿ ಹಿಡಿದು ಹೆಸರು ಕೇಳಿ. ಯಾವುದೂ ಮಿಸುಕದಿದ್ದರೆ ಚಾ ತಣ್ಣಗಾಗುವ ಮೊದಲು ಎದ್ದು ಹೋಗಿ ಕುಡಿಯಿರಿ.