ಮಾಸ್ಟ್ರ ಮನೆಯಲ್ಲಿ ಮೊದಲು ಔಟ್

ನಮ್ಮ ಪಕ್ಕದ ಮನೆಯ ಮಾಸ್ಟ್ರಿಗೆ ಭವಿಷ್ಯ ಗೊತ್ತಾಗುತ್ತದೆ. ವರ್ಷವಿಡೀ ಅಲ್ಲ, ಐಪಿಎಲ್ ಇರುವಷ್ಟು ದಿನ ಮಾತ್ರ. ನಮ್ಮ ಟಿವಿಯಲ್ಲಿ ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಾ ಹಿಂದಕ್ಕೆ ನಡೆಯುತ್ತಿರುತ್ತಾನೆ. ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ "ಪೋಂಡ್!" ಅಂತ ಒಂದು ಬೊಬ್ಬೆ. ತುಳುವಿನಲ್ಲಿ ಹೋಯಿತು ಅಂತ ಅರ್ಥ. ಅಲ್ಲಿಗೆ ಮುಗಿಯಿತು. ಆಮೇಲೆ ನಾವು ನೋಡುವುದು ಕ್ರಿಕೆಟ್ ಅಲ್ಲ, ವಿಕೆಟ್ ಹೇಗೆ ಬಿತ್ತು ಎನ್ನುವ ತನಿಖಾ ವರದಿ.

ಕಾರಣ ಇಷ್ಟೇ. ಮಾಸ್ಟ್ರ ಮನೆಯಲ್ಲಿ ಕೇಬಲ್, ನಮ್ಮ ಮನೆಯಲ್ಲಿ ಆ್ಯಪ್. ಕೇಬಲ್‌ನವರದ್ದೂ ಪೂರ್ತಿ ನೇರ ಪ್ರಸಾರ ಅಲ್ಲ. ಸ್ಯಾಟಲೈಟಿಗೆ ಹತ್ತಿ ಇಳಿದು ಬರುವಾಗ ಕೆಲವು ಸೆಕೆಂಡು ಹೋಗುತ್ತದೆ. ಆದರೆ ಆ್ಯಪಿನದ್ದು ದೊಡ್ಡ ಮೆರವಣಿಗೆ. ದೃಶ್ಯವನ್ನು ಸಣ್ಣ ಸಣ್ಣ ತುಂಡು ಮಾಡಬೇಕು. ಒಂದೊಂದು ತುಂಡನ್ನೂ ಒಳ್ಳೆ ನೆಟ್ ಇದ್ದವರಿಗೆ, ಇಲ್ಲದವರಿಗೆ ಅಂತ ಬೇರೆ ಬೇರೆ ಗುಣಮಟ್ಟದಲ್ಲಿ ತಯಾರು ಮಾಡಬೇಕು. ಊರೂರಿನ ಸರ್ವರ್‌ಗಳಿಗೆ ಹಂಚಬೇಕು. ನಮ್ಮ ಟಿವಿಯೂ ಬಂದದ್ದನ್ನು ಕೂಡಲೇ ತೋರಿಸುವುದಿಲ್ಲ. ನಡುವೆ ನೆಟ್ ಕೈಕೊಟ್ಟರೆ ಇರಲಿ ಅಂತ ನಾಲ್ಕು ತುಂಡು ಒಳಗೆ ಇಟ್ಟುಕೊಂಡೇ ಶುರು ಮಾಡುತ್ತದೆ. ಅಷ್ಟು ಹೊತ್ತಿಗೆ ಬ್ಯಾಟ್ಸ್‌ಮನ್ ಪೆವಿಲಿಯನ್ ಸೇರಿ ಪ್ಯಾಡ್ ಬಿಚ್ಚಿರುತ್ತಾನೆ.

2025ರ ಜೂನ್ 3ರ ರಾತ್ರಿಯನ್ನು ಮಾತ್ರ ನಾನು ಮರೆಯುವುದಿಲ್ಲ. ಅಹಮದಾಬಾದಿನಲ್ಲಿ ಫೈನಲ್. ಹದಿನೆಂಟನೇ ಸೀಸನ್‌ನಲ್ಲಿ ಕೊನೆಗೂ ಆರ್‌ಸಿಬಿ ಕಪ್ ಗೆಲ್ಲುತ್ತಿದೆ. ಇಡೀ ಮನೆ ಉಸಿರು ಬಿಗಿ ಹಿಡಿದು ಕೊನೆಯ ಓವರ್ ನೋಡುತ್ತಿದೆ. ನಮ್ಮಲ್ಲಿ ಇನ್ನೂ ಚೆಂಡು ಬಾಕಿ ಇರುವಾಗಲೇ ಮಂಗಳೂರಿನ ನಮ್ಮ ಬಿಜೈ ತುಂಬಾ ಪಟಾಕಿ. ಅಮ್ಮ ಎದ್ದು ಕಿಟಕಿ ಹಾಕಿದರು. "ಇವರಿಗೆಲ್ಲ ಮೊದಲೇ ಹೇಳಿದ್ದು ಯಾರು?" ಅಂತ ಕೇಳಿದರು. ಹದಿನೆಂಟು ಸೀಸನ್ ಕಾದು, ಕೊನೆಗೆ ಕಪ್ ನಮ್ಮ ಮನೆಗೆ ಸೆಕೆಂಡ್ ಹ್ಯಾಂಡ್ ಆಗಿ ಬಂತು.

ಈ ತಡಕ್ಕೆ ಯಾರು ಎಷ್ಟು ದುಡ್ಡು ಕೊಟ್ಟಿದ್ದಾರೆ ಅಂತ ನೋಡಿದರೆ ತಲೆ ತಿರುಗುತ್ತದೆ. 2022ರ ಹರಾಜಿನಲ್ಲಿ ಐದು ವರ್ಷದ ಐಪಿಎಲ್ ಅನ್ನು ಟಿವಿಯಲ್ಲಿ ತೋರಿಸಲು ಡಿಸ್ನಿ ಸ್ಟಾರ್ ಕೊಟ್ಟದ್ದು 23,575 ಕೋಟಿ ರೂಪಾಯಿ. ಅದೇ ಪಂದ್ಯಗಳನ್ನು ಭಾರತದಲ್ಲಿ ಮೊಬೈಲು, ಆ್ಯಪುಗಳಲ್ಲಿ ತೋರಿಸಲು ವಯಾಕಾಮ್18 ಕೊಟ್ಟದ್ದು 20,500 ಕೋಟಿ. ಅಂದರೆ ಮಾಸ್ಟ್ರು ಒಂದು ಪಾರ್ಟಿ, ನಾವು ಇನ್ನೊಂದು ಪಾರ್ಟಿ. ನಮ್ಮ ಪಾರ್ಟಿಯವರು 2023ರಲ್ಲಿ ಜಿಯೋಸಿನೆಮಾದಲ್ಲಿ ಇಡೀ ಐಪಿಎಲ್ ಪುಕ್ಕಟೆ ತೋರಿಸಿದರು. ಡಿಜಿಟಲ್ ಹಕ್ಕು ಕಳೆದುಕೊಂಡ ಡಿಸ್ನಿಯವರ ಹಾಟ್‌ಸ್ಟಾರ್ ಆ್ಯಪಿನಿಂದ ಜನ ಲಕ್ಷಗಟ್ಟಲೆ ಎದ್ದು ಹೋದರು. ಒಂದೇ ತ್ರೈಮಾಸಿಕದಲ್ಲಿ 1.25 ಕೋಟಿ ಚಂದಾದಾರರು ಹೋದದ್ದೂ ಉಂಟು. ಇಷ್ಟೆಲ್ಲ ಹೊಡೆದಾಡಿಕೊಂಡ ಎರಡೂ ಕಡೆಯವರು 2024ರ ನವೆಂಬರಿನಲ್ಲಿ ಒಂದಾದರು. 2025ರ ಫೆಬ್ರವರಿ 14ರಂದು, ಪ್ರೇಮಿಗಳ ದಿನ ನೋಡಿಕೊಂಡು, ಜಿಯೋಹಾಟ್‌ಸ್ಟಾರ್ ಬಂತು. ಜಗಳ ಮುಗಿಯಿತು, ಪುಕ್ಕಟೆಯೂ ಮುಗಿಯಿತು. ಮಾಸ್ಟ್ರೂ ನಾವೂ ಈಗ ಒಂದೇ ಕಂಪನಿಯ ಗಿರಾಕಿಗಳು. ಆದರೂ ವಿಕೆಟ್ ಮೊದಲು ಬೀಳುವುದು ಅವರ ಮನೆಯಲ್ಲೇ.

ಅಮ್ಮನಿಗೆ ಈ ಯಾವ ಆ್ಯಪೂ ಬೇಡ. ಅವರಿಗೆ ಮೊಬೈಲಿನಲ್ಲಿ ಪುಕ್ಕಟೆ ಸಿಗುವ ಯಕ್ಷಗಾನ ಸಾಕು. ಚೆಂಡೆ ಏರುತ್ತದೆ. ದೊಂದಿ ಬೆಳಕಿನಲ್ಲಿ ಮಹಿಷಾಸುರ ಸಭೆಯ ನಡುವಿನಿಂದ ಆರ್ಭಟಿಸುತ್ತಾ ಬರುತ್ತಾನೆ. ಅಷ್ಟರಲ್ಲಿ ಹಲ್ಲುಜ್ಜುವ ಪೇಸ್ಟಿನ ಜಾಹೀರಾತು. ನನಗೆ ಮೈಯೆಲ್ಲ ಉರಿಯುತ್ತದೆ. ಅಮ್ಮನಿಗೆ ಏನೂ ಇಲ್ಲ. "ಇರಲಿ ಬಿಡು, ಅವನಿಗೂ ಹಲ್ಲು ಉಂಟಲ್ಲ" ಅನ್ನುತ್ತಾರೆ. ಅಮ್ಮನಂಥವರು ಅಮೆರಿಕದಲ್ಲೂ ಜಾಸ್ತಿ ಇರಬೇಕು. ಅಲ್ಲಿಯ ಟಿವಿ ಪರದೆಯ ಮೇಲೆ ನೆಟ್‌ಫ್ಲಿಕ್ಸ್‌ಗಿಂತ ಹೆಚ್ಚು ಹೊತ್ತು ಓಡುವುದು ಯೂಟ್ಯೂಬ್ ಅಂತ, ಯಾರು ಏನು ನೋಡುತ್ತಾರೆ ಎಂದು ಅಳೆಯುವ ನೀಲ್ಸನ್‌ನವರ ಲೆಕ್ಕ ಹೇಳುತ್ತದೆ.

ನೆಟ್‌ಫ್ಲಿಕ್ಸ್‌ನ ಮುಖ್ಯಸ್ಥರಾಗಿದ್ದ ರೀಡ್ ಹೇಸ್ಟಿಂಗ್ಸ್ 2017ರಲ್ಲಿ ಒಂದು ಮಾತು ಹೇಳಿದ್ದರು. ತಮ್ಮ ಸ್ಪರ್ಧೆ ಇರುವುದು ಜನರ ನಿದ್ದೆಯ ಜೊತೆ ಅಂತ. ಕರಾವಳಿಯವರಿಗೆ ಇದರಲ್ಲಿ ಹೊಸದೇನುಂಟು? ಇಲ್ಲಿ ರಾತ್ರಿ ಆಟ ಆಡುವ ಯಕ್ಷಗಾನ ಮೇಳಗಳು ತಲೆಮಾರುಗಳಿಂದ ಅದೇ ವ್ಯವಹಾರ ಮಾಡುತ್ತಿವೆ, ಅದೂ ಗದ್ದೆಯಲ್ಲಿ ಚಾಪೆ ಹಾಸಿ. ಇನ್ನು ಗಿರಾಕಿ ಬಿಟ್ಟು ಹೋಗುವ ಭಯವಂತೂ ಇಲ್ಲವೇ ಇಲ್ಲ. ಕಟೀಲು ದೇವಸ್ಥಾನದ ಮೇಳದ ಹರಕೆ ಆಟಕ್ಕೆ ವರ್ಷಗಟ್ಟಲೆ ಮೊದಲೇ ಬುಕ್ಕಿಂಗ್ ಆಗಿರುತ್ತದೆ. ಕ್ಯಾಲಿಫೋರ್ನಿಯಾದ ನೆಟ್‌ಫ್ಲಿಕ್ಸ್‌ನವರು ಒಮ್ಮೆ ಬಂದು ಆ ರಿಜಿಸ್ಟರ್ ನೋಡಬೇಕು.

ಗಿರಾಕಿ ಬಿಟ್ಟು ಹೋಗುವ ವಿಷಯಕ್ಕೆ ನನ್ನ ಹೆಂಡತಿಗಿಂತ ದೊಡ್ಡ ಉದಾಹರಣೆ ಬೇಡ. ಅವಳು ಎಲ್ಲ ಆ್ಯಪಿಗೂ ಒಟ್ಟಿಗೆ ದುಡ್ಡು ಕಟ್ಟುವವಳಲ್ಲ. ಒಂದು ತಿಂಗಳು ಒಂದಕ್ಕೆ ಕಟ್ಟುತ್ತಾಳೆ. ಇದ್ದದ್ದೆಲ್ಲ ನೋಡುತ್ತಾಳೆ. ನಿಲ್ಲಿಸುತ್ತಾಳೆ. ಮುಂದಿನ ತಿಂಗಳು ಇನ್ನೊಂದು. ಇದಕ್ಕೆ ರಿಸರ್ವ್ ಬ್ಯಾಂಕಿನ ಸಹಾಯವೂ ಉಂಟು. 2021ರ ಅಕ್ಟೋಬರಿನಿಂದ, ಖಾತೆಯಿಂದ ತನ್ನಷ್ಟಕ್ಕೆ ದುಡ್ಡು ಕಡಿತವಾಗುವ 24 ಗಂಟೆ ಮೊದಲು ಗಿರಾಕಿಗೆ ತಿಳಿಸಬೇಕು ಅಂತ ನಿಯಮ. ಆ ಮೆಸೇಜ್ ಬಂದ ಕೂಡಲೇ ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟು ಮೊಬೈಲ್ ಹಿಡಿಯುತ್ತಾಳೆ. ದೋಸೆ ಕರಟಿದರೂ ಚಿಂತೆಯಿಲ್ಲ, ಇನ್ನೂರು ರೂಪಾಯಿ ಹೋಗಬಾರದು.

ಕಂಪನಿಗಳೂ ದಡ್ಡರಲ್ಲ. ಮೊದಲು ಒಂದು ಸೀಸನ್ನಿನ ಎಲ್ಲ ಕಂತುಗಳನ್ನೂ ಒಂದೇ ದಿನ ಸುರಿಯುತ್ತಿದ್ದರು. 2013ರಲ್ಲಿ ನೆಟ್‌ಫ್ಲಿಕ್ಸ್ ಈ ಅಭ್ಯಾಸ ಹತ್ತಿಸಿತು. ಆಮೇಲೆ ನೋಡಿದರೆ ಜನ ಎರಡು ರಾತ್ರಿಯಲ್ಲಿ ಮುಗಿಸಿ ಎದ್ದು ಹೋಗುತ್ತಾರೆ. ಹಾಗಾಗಿ ಡಿಸ್ನಿಯಂಥವರು ವಾರಕ್ಕೊಂದು ಕಂತು ಅಂತ ಹಳೆ ಟಿವಿಯ ದಾರಿ ಹಿಡಿದರು. ನೆಟ್‌ಫ್ಲಿಕ್ಸ್ ಕೂಡ ದೊಡ್ಡ ಸೀಸನ್‌ಗಳನ್ನು ಭಾಗ ಒಂದು, ಭಾಗ ಎರಡು ಅಂತ ಕತ್ತರಿಸಿತು. ಎರಡು ತಿಂಗಳ ದುಡ್ಡು ಬರಲಿ ಅಂತ. ಹೆಂಡತಿ ಇದಕ್ಕೂ ಮದ್ದು ಕಂಡುಕೊಂಡಿದ್ದಾಳೆ. ಎಲ್ಲ ಕಂತು ಬಂದು ಮುಗಿಯುವವರೆಗೆ ಅವಳು ಕಾಯುತ್ತಾಳೆ. ನಡುವೆ ಯಾರಾದರೂ ಕತೆ ಹೇಳಿಬಿಟ್ಟಾರು ಅಂತ ಕಿವಿ ಮುಚ್ಚಿಕೊಂಡು ಓಡಾಡುತ್ತಾಳೆ. ಒಂದು ಸಲ ಮಾತ್ರ ಈ ತಂತ್ರ ತಲೆಕೆಳಗಾಯಿತು. ಬಹಳ ದಿನ ಕಾದು ಶುರು ಮಾಡಿದ ಒಂದು ಧಾರಾವಾಹಿಯ ಕೊನೆ ಕಂತು ನಾಳೆ ನೋಡೋಣ ಅಂತ ಮಲಗಿದಳು. ನಾಳೆ ಒಂದನೇ ತಾರೀಕು. ಒಪ್ಪಂದ ಮುಗಿದು ಇಡೀ ಧಾರಾವಾಹಿಯೇ ಆ ಆ್ಯಪಿನಿಂದ ಮಾಯ. ಕೊಲೆ ಮಾಡಿದ್ದು ಯಾರು ಅಂತ ಇವತ್ತಿಗೂ ನಮ್ಮ ಮನೆಯಲ್ಲಿ ಗೊತ್ತಿಲ್ಲ. ಹೆಂಡತಿಗೆ ತೋಟದ ಮಾಲಿಯ ಮೇಲೆ ಸಂಶಯ, ನನಗೆ ಆ ಕಂಪನಿಯ ಮೇಲೆ.

ಇನ್ನು ಪಾಸ್‌ವರ್ಡಿನ ಕತೆ. ಪಾಸ್‌ವರ್ಡ್ ಹಂಚಿಕೊಳ್ಳುವುದೇ ಪ್ರೀತಿ ಅಂತ 2017ರಲ್ಲಿ ನೆಟ್‌ಫ್ಲಿಕ್ಸ್ ಟ್ವೀಟ್ ಮಾಡಿತ್ತು. 2022ರ ಮೊದಲ ಮೂರು ತಿಂಗಳಲ್ಲಿ ಎರಡು ಲಕ್ಷ ಚಂದಾದಾರರು ಕಡಿಮೆಯಾದರು. ಪ್ರೀತಿ ಅಲ್ಲಿಗೆ ಮುಗಿಯಿತು. 2023ರ ಮೇಯಲ್ಲಿ ಅಮೆರಿಕದಲ್ಲಿ, ಜುಲೈಯಲ್ಲಿ ಭಾರತದಲ್ಲಿ, ಒಂದು ಅಕೌಂಟ್ ಒಂದು ಮನೆಗೆ ಮಾತ್ರ ಅಂತ ಹೇಳಿದರು. ಜನ ಬಯ್ದರು, ಬಯ್ಯುತ್ತಲೇ ದುಡ್ಡು ಕಟ್ಟಿದರು. 2024 ಮುಗಿಯುವಾಗ ಚಂದಾದಾರರು 30 ಕೋಟಿ ದಾಟಿದ್ದರು. ಇದನ್ನು ನೋಡಿ ಉಳಿದವರೂ ಒಬ್ಬೊಬ್ಬರೇ ಅದೇ ದಾರಿ ಹಿಡಿದರು. ನಮಗೆ ಬಿಸಿ ಮುಟ್ಟಿಸಿದ್ದು ಬೇರೊಂದು ಕಂಪನಿ, ಹೆಸರು ಬೇಡ.

ಆ ಅಕೌಂಟ್ ದುಬೈಯಲ್ಲಿರುವ ಅಕ್ಕನ ಹೆಸರಿನಲ್ಲಿತ್ತು. ಅದರ ವ್ಯವಸ್ಥೆ ನಡೆದದ್ದು ಮಾತ್ರ ಪೂರ್ತಿ ಅಳಿಯಸಂತಾನದ ಕ್ರಮದಲ್ಲಿ, ಅಂದರೆ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಕರಾವಳಿಯ ಹಳೆ ಪದ್ಧತಿಯಲ್ಲಿ. ಆಸ್ತಿ ಅಕ್ಕನದ್ದು, ಯಜಮಾನಿಕೆ ತಮ್ಮನಾದ ನನ್ನದು, ಮುಂದಿನ ಹಕ್ಕು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಳಿಯನದ್ದು. ಬಾವನಿಗೆ ನೋಡುವ ಹಕ್ಕು ಉಂಟು, ಪಾಸ್‌ವರ್ಡ್ ಬದಲಿಸುವ ಹಕ್ಕು ಇಲ್ಲ. ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು. ಆದರೂ ನಮ್ಮ ಕುಟುಂಬ ಅಂದರೆ ದೈವದ ಕೋಲಕ್ಕೆ ಬಂದು ಊಟಕ್ಕೆ ಕೂರುವಷ್ಟೂ ಜನ. ಕಂಪನಿಯವರಿಗೆ ಮನೆ ಅಂದರೆ ಒಂದು ವೈಫೈ. ನಮ್ಮ ಕುಟುಂಬದ ಮನೆಯಲ್ಲಿ ಅದೊಂದೇ ಇಲ್ಲದ್ದು.

ಒಂದು ಆದಿತ್ಯವಾರ ಟಿವಿ ಹಾಕಿದರೆ, ಈ ಟಿವಿ ನಿಮ್ಮ ಮನೆಗೆ ಸೇರಿದ್ದಲ್ಲ ಅಂತ ಬಂತು. ಅಮ್ಮನಿಗೆ ಓದಿ ಹೇಳಿದೆ. "ಮತ್ತೆ ಯಾರದ್ದಂತೆ? ಕಂತು ಕಟ್ಟಿದ್ದು ನಾವಲ್ವಾ?" ಅಂದರು. ಮುಂದುವರಿಯಬೇಕಾದರೆ ಅಕ್ಕನ ಮೊಬೈಲಿಗೆ ಹೋದ ಕೋಡ್ ಹಾಕಬೇಕು. ಅದಕ್ಕೆ ಕೆಲವೇ ನಿಮಿಷ ಆಯಸ್ಸು. ಅಕ್ಕ ಡ್ಯೂಟಿಯಲ್ಲಿ. ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ "ಕೋಡ್ ಕೋಡ್" ಅಂತ ಕೂಗಾಟ ಶುರುವಾಯಿತು. ಊರಿನ ದೊಡ್ಡಮ್ಮ ಯಾರಿಗೋ ಏನೋ ಆಯಿತು ಅಂತ ಹೆದರಿ ಫೋನ್ ಮಾಡಿದರು. ಅಕ್ಕ ಗಡಿಬಿಡಿಯಲ್ಲಿ ಕೋಡನ್ನು ಮಗನಿಗೆ ಕಳಿಸಿದಳು. ಅಳಿಯ ನಮಗೊಂದು ನಂಬರ್ ಕಳಿಸಿದ. ಹಾಕಿದರೆ ತಪ್ಪು. ಮತ್ತೆ ಹಾಕಿದರೂ ತಪ್ಪು. ಆಮೇಲೆ ಗೊತ್ತಾಯಿತು. ಅದೇ ಹೊತ್ತಿಗೆ ಅವನ ಬಾಗಿಲಿಗೆ ಊಟ ಬಂದಿತ್ತು. ಊಟದ ಕೋಡನ್ನು ನಮಗೆ ಕಳಿಸಿ, ಸಿನಿಮಾದ ಕೋಡನ್ನು ಊಟ ತಂದ ಹುಡುಗನಿಗೆ ಹೇಳುತ್ತಾ ನಿಂತಿದ್ದ. ಆ ಹುಡುಗ ಬಿರಿಯಾನಿ ಹಿಡಿದುಕೊಂಡೇ ವಾಪಸ್ ಹೊರಟಿದ್ದನಂತೆ.

ಇಷ್ಟೆಲ್ಲ ಕಷ್ಟಪಟ್ಟು ಒಳಗೆ ಹೋದರೆ ಕನ್ನಡದ್ದು ಹುಡುಕಬೇಕು. ಹುಡುಕುವುದು ಅಂದರೆ ಹುಡುಕುವುದೇ. ಕನ್ನಡ ಮಾರುಕಟ್ಟೆ ಸಣ್ಣದು ಅಂತ ದೊಡ್ಡ ವೇದಿಕೆಗಳ ಲೆಕ್ಕಾಚಾರ. ನಮ್ಮ ಉಡುಪಿಯವರೇ ಆದ ರಕ್ಷಿತ್ ಶೆಟ್ಟಿ ಕರಾವಳಿಯ ಕತೆಗಳ 'ಏಕಂ' ಸರಣಿಯನ್ನು ಯಾವ ವೇದಿಕೆಯೂ ತೆಗೆದುಕೊಳ್ಳದೆ, 2024ರ ಜುಲೈಯಲ್ಲಿ ತಮ್ಮದೇ ವೆಬ್‌ಸೈಟಿನಲ್ಲಿ ಬಿಡುಗಡೆ ಮಾಡಬೇಕಾಯಿತು. ಕೊರಿಯಾದ ಧಾರಾವಾಹಿ ನಮ್ಮ ಚಾವಡಿಗೆ ಸಲೀಸಾಗಿ ಬರುತ್ತದೆ. ಮಲ್ಪೆಯ ಕತೆ ಬರುವುದು ಕಷ್ಟ. ಇದನ್ನು ನೆನೆದರೆ ನನಗೆ ನಗು ಬರುವುದಿಲ್ಲ. ಹಾಗಾಗಿ ಮುಂದೆ ಹೋಗುತ್ತೇನೆ.

ಈ ಯುದ್ಧದಲ್ಲಿ ಸತ್ತೇ ಹೋದ ಅಂತ ಎಲ್ಲರೂ ಅಂದುಕೊಂಡಿದ್ದ ಮನುಷ್ಯ ಒಬ್ಬನಿದ್ದಾನೆ, ನಮ್ಮ ಕೇಬಲ್‌ನವ. ತೊಂಬತ್ತರ ದಶಕದಲ್ಲಿ ತೆಂಗಿನ ಮರದಿಂದ ಮರಕ್ಕೆ ಕಪ್ಪು ವಯರ್ ಎಳೆದು ಮನೆ ಮನೆಗೆ ಲೋಕ ತೋರಿಸಿದವನು. ಆಮೇಲೆ ಸೆಟ್‌ಟಾಪ್ ಬಾಕ್ಸ್ ಬಂತು. 2019ರಲ್ಲಿ ಟಿವಿ, ಫೋನುಗಳ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಟ್ರಾಯ್‌ನ ಹೊಸ ನಿಯಮ ಬಂತು. 130 ರೂಪಾಯಿ ಮತ್ತು ತೆರಿಗೆ ಕೊಟ್ಟು ಮೂಲ ಚಾನೆಲ್ ತೆಗೆದುಕೊಳ್ಳಿ, ಉಳಿದದ್ದನ್ನು ಬೇಕಾದಂತೆ ಆರಿಸಿ ಅಂತ. ಆರಿಸಿ ಆರಿಸಿ ಕೊನೆಗೆ ಬಿಲ್ ಮೊದಲಿಗಿಂತ ಜಾಸ್ತಿಯಾಯಿತು. 2016ರಲ್ಲಿ ನೆಟ್‌ಫ್ಲಿಕ್ಸ್, ಪ್ರೈಮ್ ವಿಡಿಯೋ ಎರಡೂ ಭಾರತಕ್ಕೆ ಬಂದವು. ಅದೇ ವರ್ಷ ಜಿಯೋ ಡೇಟಾದ ಬೆಲೆಯನ್ನು ನೆಲಕ್ಕಿಳಿಸಿತು. ಇನ್ನು ಇವನ ವಯರ್ ಹಾಗಲಕಾಯಿ ಬಳ್ಳಿ ಹಬ್ಬಿಸಲಿಕ್ಕೆ ಮಾತ್ರ ಅಂತ ಮಾತಾಡಿಕೊಂಡೆವು.

ಅವನು ಸುಮ್ನೆ ಕೂರಲಿಲ್ಲ. ಅಂಗಡಿಯ ಬೋರ್ಡಿನಲ್ಲಿ ಕೇಬಲ್ ಅಳಿಸಿ ಡಿಜಿಟಲ್ ಅಂತ ಬರೆಸಿದ. ಅದನ್ನೂ ಅಳಿಸಿ ಫೈಬರ್ ಅಂತ ಬರೆಸಿದ. ನಗಬೇಡಿ. ಅಮೆರಿಕದ ಎಚ್‌ಬಿಒದವರು ತಮ್ಮ ಆ್ಯಪನ್ನು 2020ರಲ್ಲಿ ಎಚ್‌ಬಿಒ ಮ್ಯಾಕ್ಸ್ ಅಂದರು, 2023ರಲ್ಲಿ ಬರೀ ಮ್ಯಾಕ್ಸ್ ಅಂದರು, 2025ರಲ್ಲಿ ಮತ್ತೆ ಎಚ್‌ಬಿಒ ಮ್ಯಾಕ್ಸ್ ಅಂದರು. ನಮ್ಮವನು ಒಮ್ಮೆ ಅಳಿಸಿದ್ದನ್ನು ಪುನಃ ಬರೆಸಿ ಪೇಂಟರಿಗೆ ದಂಡ ಕೊಟ್ಟವನಲ್ಲ.

ಮೊನ್ನೆ ಜೋರು ಮಳೆಗೆ ಹಲಸಿನ ಗೆಲ್ಲು ಬಿದ್ದು ನಮ್ಮ ಫೈಬರ್ ತುಂಡಾಯಿತು. ಸಾವಿರಾರು ಕೋಟಿಯ ಎಲ್ಲ ಆ್ಯಪ್‌ಗಳೂ ಒಟ್ಟಿಗೆ ಮಲಗಿದವು. ಯಾವ ಕಂಪನಿಯ ಸಹಾಯವಾಣಿಗೂ ಆ ಗೆಲ್ಲು ಎತ್ತಲಿಕ್ಕೆ ಬರುವುದಿಲ್ಲ. ಬಂದದ್ದು ಅವನೇ. ರೈನ್‌ಕೋಟ್ ಹಾಕಿ, ಏಣಿ ಹಿಡಿದು, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು. ವಯರ್ ಜೋಡಿಸಿ ಇಳಿದವನು ಜಗಲಿಯಲ್ಲಿ ಕೂತು ಚಾ ಕುಡಿದ. ಆಮೇಲೆ ಪ್ಲಾಸ್ಟಿಕ್ ತೊಟ್ಟೆಯೊಳಗಿಂದ ಒಂದು ಕಾಗದ ತೆಗೆದ.

"ನೀವು ಎಂಥಕ್ಕೆ ಮಾರಾಯ್ರೆ ಒಂದೊಂದಕ್ಕೇ ದುಡ್ಡು ಕಟ್ಟುದು? ನನ್ನ ಹತ್ರ ಪ್ಯಾಕೇಜ್ ಉಂಟು. ನೆಟ್, ಟಿವಿ, ಎಲ್ಲ ಆ್ಯಪ್, ಒಂದೇ ಬಿಲ್."

"ಜಾಹೀರಾತು ಬರ್ತದಾ?" ಅಂತ ಕೇಳಿದಳು ಹೆಂಡತಿ.

"ಅದು ಈಗ ಎಲ್ಲದರಲ್ಲೂ ಬರ್ತದಲ್ಲ ಅಕ್ಕ. ಪ್ರೈಮಿನವರೂ 2025ರ ಜೂನಿನಿಂದ ಹಾಕ್ಲಿಕ್ಕೆ ಶುರು ಮಾಡಿದ್ದಾರೆ."

ತಿಂಗಳಿಗೊಂದು ಬಿಲ್, ಅದರಲ್ಲಿ ಬೇಕಾದದ್ದು ಬೇಡದ್ದು ಎಲ್ಲ ಸೇರಿ, ನಡುನಡುವೆ ಜಾಹೀರಾತು, ಒಂದನೇ ತಾರೀಕಿಗೆ ಗೇಟಿನ ಹತ್ತಿರ ಅವನ ಬೈಕಿನ ಹಾರ್ನ್. ತೊಂಬತ್ತೈದರಲ್ಲೂ ಇದೇ ಇತ್ತು ಅಲ್ವಾ ಅಂದೆ. ಆಗ ರಿಮೋಟ್ ಒಂದೇ ಇತ್ತು ಅಂದ. ಹೆಂಡತಿ ಕಾಗದ ತೆಗೆದುಕೊಂಡು ಕ್ಯಾಲ್ಕುಲೇಟರ್ ಹುಡುಕಲು ಒಳಗೆ ಹೋದಳು.

ಅಷ್ಟರಲ್ಲಿ ಕರೆಂಟು ಹೋಯಿತು. ಕತ್ತಲೆಯಲ್ಲಿ ಅಮ್ಮ ಕೇಳಿದರು. "ಮಗಾ, ನಿನ್ನ ಪ್ಯಾಕೇಜಿನಲ್ಲಿ ಕರೆಂಟು ಹೋದ್ರೂ ಯಕ್ಷಗಾನ ಬರ್ತದಾ?"

"ಅದಕ್ಕೆ ಬೇರೆ ಪ್ಯಾಕೇಜ್ ಉಂಟಮ್ಮ, ಇನ್ವರ್ಟರಿನದ್ದು. ನನ್ನ ತಮ್ಮ ಹಾಕಿ ಕೊಡ್ತಾನೆ. ಎರಡೂ ಒಟ್ಟಿಗೆ ತಕೊಂಡ್ರೆ ಸ್ವಲ್ಪ ಕಮ್ಮಿ ಮಾಡುವ."